ಯುದ್ಧದ ದಿನಗಳಲ್ಲಿ ಸರ್ವಧರ್ಮ ಬಳಗ

2023ರ ಅಕ್ಟೋಬರ್ 7ರಂದು ಪ್ಯಾಲೆಸ್ತೀನಿ ಸಶಸ್ತ್ರ ಸಂಘಟನೆ ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿ, ಗಾಜಾದಲ್ಲಿ ಯುದ್ಧ ಶುರುವಾದ ನಂತರದ ವಾರಗಳಲ್ಲಿ ಅಮೆರಿಕದ ಅನೇಕ ಕ್ಯಾಂಪಸ್‌ಗಳಂತೆ ನಮ್ಮ ವಿಶ್ವವಿದ್ಯಾಲಯದ ಸರ್ವಧರ್ಮ ವಿದ್ಯಾರ್ಥಿ ಬಳಗದ ಮುಂದೆಯೂ ಒಂದು ಪ್ರಶ್ನೆ ಬಂದು ನಿಂತಿತು: ನಾವೆಲ್ಲ ಸೇರಿ ಒಂದು ಜಂಟಿ ಹೇಳಿಕೆ ಹೊರಡಿಸಬೇಕೋ ಬೇಡವೋ? ನಾನಾಗ ಅಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದೆ. ಬಳಗಕ್ಕೆ ಸೇರಿ ಎರಡು ವರ್ಷವಾಗಿತ್ತು. ಯಹೂದಿಯೂ ಅಲ್ಲದ, ಮುಸ್ಲಿಮನೂ ಅಲ್ಲದ ನನಗೆ ಕರಡು ಬರೆಯುವ ಕೆಲಸ ವಹಿಸಿದರು. ಯಾರ ಪಕ್ಷವೂ ಅಲ್ಲದವನ ಕೈಯಲ್ಲಿ ಅದು ಸುಲಭವಾಗಬಹುದೆಂದು ಎಲ್ಲರೂ ಭಾವಿಸಿದ್ದರು. ನಾಲ್ಕು ರಾತ್ರಿ ಕುಳಿತು ಏಳು ಕರಡು ಬರೆದೆ. ಸುಮಾರು 1,200 ಜನರನ್ನು ಕೊಂದು, 250ರಷ್ಟು ಜನರನ್ನು ಒತ್ತೆಯಾಳಾಗಿ ಹೊತ್ತೊಯ್ದ ಹಮಾಸ್ ದಾಳಿಯನ್ನು ಅದರ ಹೆಸರಿನಿಂದಲೇ ಕರೆಯದ ಹೇಳಿಕೆಗೆ ಸಹಿ ಹಾಕಲಾರೆ ಎಂದು ಒಬ್ಬಳು ಹೇಳಿದಳು. ಬಾಂಬಿನ ಮಳೆಯ ಕೆಳಗಿರುವ ಗಾಜಾದಲ್ಲಿ ತನ್ನ ಸೋದರತ್ತೆಯ ಕುಟುಂಬ ಬದುಕಿದೆಯೋ ಇಲ್ಲವೋ ಎಂದು ತಿಳಿಯದೆ ಕುಳಿತಿದ್ದ ಇನ್ನೊಬ್ಬ, ಅಲ್ಲಿಯ ಸಾವುಗಳನ್ನು ಎರಡನೆಯ ವಾಕ್ಯಕ್ಕೆ ತಳ್ಳುವ ಯಾವ ಕಾಗದವನ್ನೂ ತಾನು ಮುಟ್ಟುವುದಿಲ್ಲ ಎಂದ. ಕೊನೆಗೆ ಉಳಿದದ್ದು "ಎಲ್ಲ ಬಗೆಯ ಹಿಂಸೆಯನ್ನು ನಾವು ಖಂಡಿಸುತ್ತೇವೆ" ಎಂಬ, ಯಾರಿಗೂ ಸೇರದ ಒಂದು ಸಾಲು. ಅದನ್ನು ನಾವು ಪ್ರಕಟಿಸಲೇ ಇಲ್ಲ. ಅಷ್ಟರಲ್ಲಿ ಅವರಿಬ್ಬರೂ ಬಳಗ ಬಿಟ್ಟಿದ್ದರು.

ಆ ಕರಡುಗಳನ್ನು ಬರೆದದ್ದೇ ನನ್ನ ತಪ್ಪು ಎಂದು ಇವತ್ತು ನನಗೆ ಖಚಿತವಾಗಿ ಅನ್ನಿಸುತ್ತದೆ. ಹೇಳಿಕೆ ಎನ್ನುವುದು ಸರ್ಕಾರಗಳ, ಪಕ್ಷಗಳ, ಕುಲಪತಿಗಳ ಸಾಧನ. ಅದು ಹೊರಗಿನವರಿಗೆ ನಮ್ಮ ನಿಲುವನ್ನು ತಿಳಿಸುತ್ತದೆ. ಸರ್ವಧರ್ಮ ಬಳಗ ಇರುವುದು ಒಂದೇ ನಿಲುವು ಇಲ್ಲದವರು ಒಟ್ಟಿಗೆ ಇರುವುದಕ್ಕಾಗಿ. ದುಃಖದಲ್ಲಿರುವ ಇಪ್ಪತ್ತು ವರ್ಷದ ಇಬ್ಬರನ್ನು ಕೂರಿಸಿ, ಅವರವರ ದುಃಖಕ್ಕೆ ಒಪ್ಪಿತವಾದ ಪದ ಯಾವುದೆಂದು ಚೌಕಾಸಿ ಮಾಡಿಸುವುದು ಕ್ರೌರ್ಯವೆಂದು ಆಗ ನನಗೆ ಹೊಳೆದಿರಲಿಲ್ಲ.

ಈ ಬಳಗಗಳ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಅಮೆರಿಕದ ಕ್ಯಾಂಪಸ್‌ಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಪ್ರಮುಖ ಸಂಸ್ಥೆಯಾದ ಹಿಲ್ಲೆಲ್ 1923ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಅದಾದ ನಲವತ್ತು ವರ್ಷಕ್ಕೆ, 1963ರಲ್ಲಿ, ಮುಸ್ಲಿಂ ವಿದ್ಯಾರ್ಥಿ ಸಂಘ ಹುಟ್ಟಿದ್ದೂ ಅದೇ ಕ್ಯಾಂಪಸ್‌ನಲ್ಲಿ. ಇದನ್ನು ತಿಳಿದ ದಿನ ನನಗೆ ಬಹಳ ಸಂತೋಷವಾಗಿತ್ತು. ಬಹುಸಂಖ್ಯಾತರ ಹಬ್ಬಗಳಿಗೆ ರಜೆ ಇದ್ದು ತಮ್ಮ ಹಬ್ಬದ ದಿನ ಪರೀಕ್ಷೆ ಬೀಳುವ, ಊಟದ ಹಾಲ್‌ನಲ್ಲಿ ತಮ್ಮ ನಿಯಮಕ್ಕೆ ಸರಿಹೋಗುವ ಊಟ ಸಿಗದ ಕಷ್ಟ ಇಬ್ಬರಿಗೂ ಒಂದೇ ಆಗಿತ್ತು. ಎಷ್ಟೋ ಕಡೆ ಇವರನ್ನು ಹತ್ತಿರ ತಂದದ್ದು ದೇವತಾಶಾಸ್ತ್ರವಲ್ಲ, ಅಡುಗೆಮನೆ. ಡಾರ್ಟ್‌ಮತ್ ಕಾಲೇಜಿನಲ್ಲಿ ಕೋಷರ್ (ಯಹೂದಿ ನಿಯಮದ) ಮತ್ತು ಹಲಾಲ್ (ಮುಸ್ಲಿಂ ನಿಯಮದ) ಊಟಗಳನ್ನು ಒಂದೇ ಸೂರಿನಡಿ ಬಡಿಸುವ ವ್ಯವಸ್ಥೆ ಬಹುಕಾಲದಿಂದ ಇದೆ.

ಆದರೆ ನಮ್ಮ ಬಳಗದಲ್ಲಿ, ನಾನು ಕಂಡ ಬೇರೆ ಕೆಲವು ಬಳಗಗಳಲ್ಲಿಯೂ, ಯಾರೂ ಬಾಯಿಬಿಟ್ಟು ಹೇಳದ ಒಂದು ಒಪ್ಪಂದವಿತ್ತು. 2022ರ ಏಪ್ರಿಲ್ 15ರಂದು ಕ್ರೈಸ್ತರ ಗುಡ್ ಫ್ರೈಡೇ, ಯಹೂದಿಗಳ ಪಾಸೋವರ್ ಹಬ್ಬದ ಮೊದಲ ರಾತ್ರಿ ಮತ್ತು ರಂಜಾನ್ ಉಪವಾಸದ ಒಂದು ದಿನ ಒಟ್ಟಿಗೆ ಬಂದವು. ಆ ವಾರ ನಾವು ಉಪವಾಸದ ಅರ್ಥದ ಬಗ್ಗೆ, ಬಿಡುಗಡೆಯ ಕಥೆಗಳ ಬಗ್ಗೆ, ಯಹೂದಿಗಳ ಮೋಶೆ ಮತ್ತು ಮುಸ್ಲಿಮರ ಮೂಸಾ ಒಬ್ಬರೇ ಎಂಬುದರ ಬಗ್ಗೆ ಗಂಟೆಗಟ್ಟಲೆ ಮಾತಾಡಿದೆವು. ಜೆರುಸಲೇಮಿನ ಅಲ್-ಅಕ್ಸಾ ಮಸೀದಿಯ ಆವರಣದಲ್ಲಿ ಅದೇ ದಿನ ಇಸ್ರೇಲಿ ಪೊಲೀಸರಿಗೂ ಪ್ಯಾಲೆಸ್ತೀನಿಯರಿಗೂ ಘರ್ಷಣೆ ನಡೆದು ನೂರಕ್ಕೂ ಹೆಚ್ಚು ಜನ ಗಾಯಗೊಂಡಿದ್ದರು. ಕೋಣೆಯಲ್ಲಿದ್ದ ಎಲ್ಲರ ಫೋನಿನಲ್ಲೂ ಆ ಸುದ್ದಿ ಇತ್ತು, ಯಾರ ಬಾಯಲ್ಲೂ ಇರಲಿಲ್ಲ. ಆ ಮೌನವನ್ನು ನಾವು ಸ್ನೇಹವೆಂದು ತಿಳಿದಿದ್ದೆವು. ಒಂದೂವರೆ ವರ್ಷದ ನಂತರ ಯುದ್ಧ ಬಂದಾಗ, ಆ ವಿಷಯವನ್ನು ಒಮ್ಮೆಯಾದರೂ ಮಾತಾಡಿ ಅಭ್ಯಾಸವಿಲ್ಲದ ನಾವು, ಮೊದಲ ಮಾತಿಗೇ ಬಿದ್ದುಹೋದೆವು.

ಮಾತಿನ ಅಭ್ಯಾಸ ಇದ್ದರೆ ಏನಾಗುತ್ತದೆ ಎಂಬುದಕ್ಕೂ ಡಾರ್ಟ್‌ಮತ್ ಒಂದು ಉದಾಹರಣೆ. ಅಲ್ಲಿಯ ಯಹೂದಿ ಅಧ್ಯಯನ ಮತ್ತು ಮಧ್ಯಪ್ರಾಚ್ಯ ಅಧ್ಯಯನ ವಿಭಾಗಗಳ ಪ್ರಾಧ್ಯಾಪಕರು ಅಕ್ಟೋಬರ್ 7ರ ದಾಳಿ ನಡೆದ ವಾರದೊಳಗೇ ಒಂದೇ ವೇದಿಕೆಯಲ್ಲಿ ಕುಳಿತು ಎರಡು ಸಾರ್ವಜನಿಕ ಸಂವಾದಗಳನ್ನು ನಡೆಸಿದರು. ಅದು ಆ ಕೆಲವೇ ದಿನಗಳಲ್ಲಿ ಹುಟ್ಟಿದ ಧೈರ್ಯವಲ್ಲ. ಆ ವಿಭಾಗಗಳವರು ವರ್ಷಗಳಿಂದ ಒಟ್ಟಿಗೆ ಪಾಠ ಮಾಡುತ್ತ, ವಿದ್ಯಾರ್ಥಿಗಳ ಎದುರೇ ಒಬ್ಬರನ್ನೊಬ್ಬರು ಒಪ್ಪದಿರುವುದನ್ನು ರೂಢಿ ಮಾಡಿಕೊಂಡಿದ್ದರು. ದೇಶದ ಪತ್ರಿಕೆಗಳು ಅದನ್ನು ಮಾದರಿಯೆಂದು ಹೊಗಳಿದವು, ನಾನೂ ಆ ವರದಿಗಳನ್ನು ನಮ್ಮ ಬಳಗದವರಿಗೆ ಕಳಿಸಿದೆ. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸುವುದು ಪ್ರಾಮಾಣಿಕತೆಯಲ್ಲ. 2024ರ ಮೇ 1ರ ರಾತ್ರಿ ಅದೇ ಕಾಲೇಜಿನ ಹಸಿರು ಮೈದಾನದಲ್ಲಿ ಗಾಜಾ ಯುದ್ಧದ ವಿರುದ್ಧ ಪ್ರತಿಭಟನೆಯ ಟೆಂಟುಗಳು ಎದ್ದಾಗ ಆಡಳಿತ ಪೊಲೀಸರನ್ನು ಕರೆಸಿತು. 89 ಜನರನ್ನು ಬಂಧಿಸಲಾಯಿತು. ಬಂಧಿತರಲ್ಲಿ, ಹಿಂದೆ ಅದೇ ಯಹೂದಿ ಅಧ್ಯಯನ ವಿಭಾಗದ ಮುಖ್ಯಸ್ಥೆಯಾಗಿದ್ದ ಇತಿಹಾಸದ ಪ್ರಾಧ್ಯಾಪಕಿಯೂ ಒಬ್ಬರು. ಸಂವಾದವನ್ನು ಹೆಮ್ಮೆಯಿಂದ ಪ್ರದರ್ಶಿಸಿದ ಸಂಸ್ಥೆಯೇ, ಆ ಸಂವಾದ ವೇದಿಕೆಯಿಂದ ಇಳಿದು ಮೈದಾನಕ್ಕೆ ಬಂದಾಗ, ಅದನ್ನು ತಾಳಿಕೊಳ್ಳಲಿಲ್ಲ. ಇದರಿಂದ ಆ ಪ್ರಾಧ್ಯಾಪಕರ ಕೆಲಸ ವ್ಯರ್ಥವಾಯಿತೆಂದು ನಾನು ಹೇಳುವುದಿಲ್ಲ. ಸಂವಾದವು ಪ್ರತಿಭಟನೆಯ ಬದಲಿಗೆ ಕೊಡುವ ವಸ್ತುವಲ್ಲ ಎಂದಷ್ಟೇ ಹೇಳುತ್ತೇನೆ. ಬಳಗದಲ್ಲಿ ಇದ್ದೀರಲ್ಲ, ಇನ್ನು ಬೀದಿಗೇಕೆ ಎಂದು ಕೇಳುವ ಹಕ್ಕು ಯಾವ ಡೀನ್‌ಗೂ ಇಲ್ಲ.

ಸಂವಾದ ಎಂಬುದು ಎಲ್ಲರಿಗೂ ಸಮಾನವಾಗಿ ಒಂದೇ ಔಷಧ ಎಂಬ ನಂಬಿಕೆಯೂ ನನ್ನಲ್ಲಿ ಆ ವರ್ಷ ಕರಗಿತು. ಗುಂಪುಗಳ ನಡುವಿನ ಪೂರ್ವಗ್ರಹ ಸಂಪರ್ಕದಿಂದ ಕಡಿಮೆಯಾಗಬೇಕಾದರೆ ಆ ಸಂಪರ್ಕದೊಳಗೆ ಸಮಾನ ಸ್ಥಾನ, ಸಮಾನ ಗುರಿ, ಸಹಕಾರ ಮತ್ತು ಅಧಿಕಾರಸ್ಥರ ಬೆಂಬಲ ಇರಬೇಕೆಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ವಾದಿಸಿದ್ದರು. ಯುದ್ಧಕಾಲದಲ್ಲಿ ಈ ನಾಲ್ಕರಲ್ಲಿ ಒಂದಾದರೂ ಉಳಿದಿರುವುದು ಕಷ್ಟ. ಇನ್ನೂ ಮುಖ್ಯವೆಂದು ನನಗೆ ಕಂಡದ್ದು ಎಮಿಲ್ ಬ್ರೂನೋ ಮತ್ತು ರೆಬೆಕಾ ಸ್ಯಾಕ್ಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನ. ಇಸ್ರೇಲಿಯರು ಮತ್ತು ಪ್ಯಾಲೆಸ್ತೀನಿಯರ ನಡುವೆ, ಹಾಗೆಯೇ ಬಿಳಿಯ ಅಮೆರಿಕನ್ನರು ಮತ್ತು ಮೆಕ್ಸಿಕನ್ ವಲಸಿಗರ ನಡುವೆ ಅವರು ನಡೆಸಿದ ಪ್ರಯೋಗಗಳಲ್ಲಿ, ಹೆಚ್ಚು ಬಲವುಳ್ಳ ಗುಂಪಿನವರ ಮನಸ್ಸು ಬದಲಾದದ್ದು ಎದುರಿನವರ ಕಷ್ಟವನ್ನು ಕೇಳಿಸಿಕೊಂಡಾಗ; ಕಡಿಮೆ ಬಲದ ಗುಂಪಿನವರ ಮನಸ್ಸು ಬದಲಾದದ್ದು ತಮ್ಮ ಕಷ್ಟವನ್ನು ಹೇಳಿಕೊಂಡು, ಅದನ್ನು ಎದುರಿನವರು ಕೇಳಿಸಿಕೊಂಡರು ಎಂದು ಗೊತ್ತಾದಾಗ. ಇಬ್ಬರಿಗೂ ಐದೈದು ನಿಮಿಷ ಹಂಚಿ ಗಡಿಯಾರ ನೋಡುತ್ತ ಕೂರುತ್ತಿದ್ದ ನನಗೆ ಇದು ದೊಡ್ಡ ಪಾಠವಾಗಿತ್ತು. ಆದರೂ ಒಂದು ತೊಡಕು ಉಳಿಯುತ್ತದೆ. ಅಮೆರಿಕದ ಕ್ಯಾಂಪಸ್‌ನಲ್ಲಿ ಬಲ ಯಾರ ಕಡೆಗಿದೆ ಎಂಬುದು ಸರಳವಲ್ಲ. ಯುದ್ಧಭೂಮಿಯಲ್ಲಿ ಅದು ಸ್ಪಷ್ಟ. 2024ರ ಏಪ್ರಿಲ್ ವೇಳೆಗೆ ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ ಸತ್ತವರು 33,000ಕ್ಕೂ ಹೆಚ್ಚು. ಆದರೆ ನನ್ನ ಪಕ್ಕದಲ್ಲಿ ಕುಳಿತ ಯಹೂದಿ ಹುಡುಗಿ ಒಂದು ಸೇನೆಯಲ್ಲ. ಯಹೂದಿ ಗುರುತಿನ ಕತ್ತಿನ ಸರವನ್ನು ಅಂಗಿಯೊಳಗೆ ತಳ್ಳಿಕೊಂಡು ತರಗತಿಗೆ ಹೋಗುತ್ತಿದ್ದವಳು. ಅವಳ ಭಯವನ್ನು ಸಾವಿನ ಅಂಕಿಗಳಿಂದ ತೂಗಿ ಬದಿಗಿಡುವುದು ನನ್ನಿಂದ ಆಗಲಿಲ್ಲ, ಆಗಬಾರದು ಎಂದೂ ಅನ್ನಿಸುತ್ತದೆ.

ಕೊಲಂಬಿಯಾ ವಿಶ್ವವಿದ್ಯಾಲಯದ ವಿಚಾರದಲ್ಲಿ ನನ್ನ ಮನಸ್ಸು ಇನ್ನೂ ಎರಡಾಗಿಯೇ ಇದೆ. 2024ರ ಏಪ್ರಿಲ್ 17ರಂದು ಅಲ್ಲಿಯ ಹುಲ್ಲುಹಾಸಿನ ಮೇಲೆ ಅಂಥದೇ ಪ್ರತಿಭಟನೆಯ ಟೆಂಟುಗಳು ಎದ್ದವು, ಮರುದಿನವೇ ಪೊಲೀಸರು ನೂರಕ್ಕೂ ಹೆಚ್ಚು ಜನರನ್ನು ಬಂಧಿಸಿದರು, ಶಿಬಿರ ಮತ್ತೆ ಎದ್ದಿತು. ಏಪ್ರಿಲ್ 22ರ ಸಂಜೆ ಪಾಸೋವರ್ ಆರಂಭವಾದಾಗ ಶಿಬಿರದಲ್ಲಿದ್ದ ಯಹೂದಿ ವಿದ್ಯಾರ್ಥಿಗಳು ಅಲ್ಲಿಯೇ ಸೇಡರ್ ಎಂಬ ಹಬ್ಬದ ವಿಧಿಪೂರ್ವಕ ಊಟಕ್ಕೆ ಕುಳಿತರು. ಮುಸ್ಲಿಂ ವಿದ್ಯಾರ್ಥಿಗಳ ನಮಾಜ್ ಕೂಡ ಅದೇ ಹುಲ್ಲಿನ ಮೇಲೆ ನಡೆಯುತ್ತಿತ್ತು. ಆ ಚಿತ್ರಗಳನ್ನು ನೋಡಿ ನನ್ನ ಕಣ್ಣು ತುಂಬಿದ್ದು ನಿಜ. ಆದರೆ ಅದಕ್ಕೆ ಒಂದು ದಿನ ಮೊದಲು, ಅದೇ ಕ್ಯಾಂಪಸ್‌ನ ಒಬ್ಬ ರಬ್ಬಿ (ಯಹೂದಿ ಧರ್ಮಗುರು), ಪರಿಸ್ಥಿತಿ ಸುಧಾರಿಸುವವರೆಗೆ ಮನೆಗೆ ಹೋಗಿರಿ ಎಂದು ಯಹೂದಿ ವಿದ್ಯಾರ್ಥಿಗಳಿಗೆ ಸಲಹೆ ಕಳಿಸಿದ್ದರು. ಅಲ್ಲಿಯ ಹಿಲ್ಲೆಲ್ ಆ ಸಲಹೆಯನ್ನು ಒಪ್ಪಲಿಲ್ಲ. ಒಂದೇ ಧರ್ಮದವರು, ಒಂದೇ ವಾರ, ಕೆಲವೇ ಹೆಜ್ಜೆಗಳ ಅಂತರದಲ್ಲಿ ಇಷ್ಟು ಬೇರೆ ಬೇರೆ ಸತ್ಯಗಳಲ್ಲಿ ಬದುಕುತ್ತಿದ್ದರು. ಒಂದೇ ರಾಜಕೀಯ ನಿಲುವಿನ ಹಲವು ಧರ್ಮದವರು ಒಟ್ಟಿಗೆ ಊಟಕ್ಕೆ ಕೂರುವುದು ಸುಂದರ, ಅದಕ್ಕೆ ಬೆಲೆಯೂ ಇದೆ. ಸರ್ವಧರ್ಮ ಬಳಗದ ಕೆಲಸ ಮಾತ್ರ ಬೇರೆ: ಆ ಶಿಬಿರದೊಳಗೆ ಕಾಲಿಡಲಾರದವನಿಗೂ, ಅದನ್ನು ಬಿಟ್ಟು ಬರಲಾರದವಳಿಗೂ ವಾರಕ್ಕೊಮ್ಮೆ ಒಂದೇ ಕೋಣೆಯ ಬಾಗಿಲು ತೆರೆದಿಡುವುದು.

ಆ ಕೋಣೆಯಲ್ಲಿ ಏನು ಮಾಡಬೇಕು ಎಂದರೆ, ನನ್ನ ಅನುಭವದಲ್ಲಿ, ಮಾತಿಗಿಂತ ಮೊದಲು ಕಾವಲು. 2023ರ ಅಕ್ಟೋಬರ್ ಕೊನೆಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೋಷರ್ ಊಟದ ಹಾಲ್ ಮೇಲೆ ದಾಳಿ ಮಾಡುವುದಾಗಿ ಬೆದರಿಕೆ ಬಂತು, ಅಲ್ಲಿಯದೇ ಒಬ್ಬ ವಿದ್ಯಾರ್ಥಿಯನ್ನು ಬಂಧಿಸಲಾಯಿತು. ನವೆಂಬರ್ 25ರಂದು ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ, ರಜೆಗೆ ಬಂದಿದ್ದ ಪ್ಯಾಲೆಸ್ತೀನಿ ಮೂಲದ ಮೂವರು ವಿದ್ಯಾರ್ಥಿಗಳಿಗೆ ಬೀದಿಯಲ್ಲಿ ನಡೆಯುತ್ತಿರುವಾಗಲೇ ಗುಂಡು ಹಾರಿಸಲಾಯಿತು. ಒಬ್ಬನ ಎದೆಯ ಕೆಳಭಾಗ ಸ್ವಾಧೀನ ಕಳೆದುಕೊಂಡಿತು. ಆ ವಾರದಿಂದ ನಮ್ಮ ಬಳಗದಲ್ಲಿ ಉಳಿದಿದ್ದ ಒಂಬತ್ತು ಜನ ಸರದಿ ಹಾಕಿಕೊಂಡು, ರಾತ್ರಿ ಗ್ರಂಥಾಲಯದಿಂದ ಒಬ್ಬಂಟಿಯಾಗಿ ಮನೆಗೆ ಹೋಗಲು ಹೆದರುವವರ ಜೊತೆ ನಡೆದು ಹೋಗತೊಡಗಿದೆವು. ಕರೆ ಮಾಡಿದವರ ನಿಲುವು ಏನೆಂದು ಯಾರೂ ಕೇಳುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಬಂಧನ ಶಿಬಿರಗಳಿಗೆ ದೂಡಿದಾಗ, 1942ರಲ್ಲಿ ಶಾಂತಿವಾದಿ ಕ್ರೈಸ್ತರಾದ ಕ್ವೇಕರ್ ಪಂಥದವರ ಮುಂದಾಳತ್ವದಲ್ಲಿ ರಚನೆಯಾದ ಒಂದು ಮಂಡಳಿ ಸುಮಾರು 4,000 ವಿದ್ಯಾರ್ಥಿಗಳಿಗೆ ಶಿಬಿರದಿಂದ ಹೊರಬಂದು ಬೇರೆ ಕಾಲೇಜುಗಳಲ್ಲಿ ಓದು ಮುಂದುವರಿಸಲು ನೆರವಾಗಿತ್ತು. ಅವರಲ್ಲಿ ಬೌದ್ಧರೂ ಇದ್ದರು, ಕ್ರೈಸ್ತರೂ ಇದ್ದರು. ಆ ಮಂಡಳಿ ಮಾಡಿದ ಕೆಲಸವೆಂದರೆ ಪ್ರವೇಶಪತ್ರ, ವಿದ್ಯಾರ್ಥಿವೇತನ, ಹೊಸ ಊರಿನಲ್ಲಿ ಇಳಿದುಕೊಳ್ಳಲು ಒಂದು ಮನೆ.

ಚಳಿಗಾಲ ಮುಗಿಯುವ ಹೊತ್ತಿಗೆ ಆಡಳಿತದ ಕಡೆಯಿಂದ ಒಂದು ಪತ್ರ ಬಂತು: ವಿಶ್ವವಿದ್ಯಾಲಯದ ಜಾಲತಾಣಕ್ಕಾಗಿ ಬಳಗದ ಯಹೂದಿ ಮತ್ತು ಮುಸ್ಲಿಂ ಸದಸ್ಯರು ಜೊತೆಯಾಗಿ ನಿಂತ ಒಂದು ಭಾವಚಿತ್ರ ಬೇಕಿತ್ತು. ಆಗುವುದಿಲ್ಲ ಎಂದು ನಾವು ಸರ್ವಾನುಮತದಿಂದ ಉತ್ತರಿಸಿದೆವು. ಆ ವರ್ಷ ನಾವೆಲ್ಲ ಒಪ್ಪಿ ಬರೆದ ಒಂದೇ ಒಂದು ಪತ್ರ ಅದು.

2024ರ ಮಾರ್ಚ್ 11ಕ್ಕೆ ರಂಜಾನ್ ಆರಂಭವಾಯಿತು. ಆ ವಾರದ ಗುರುವಾರ, ಅಕ್ಟೋಬರ್‌ನಲ್ಲಿ ಬಿಟ್ಟುಹೋದ ಇಬ್ಬರಲ್ಲಿ ಒಬ್ಬಳು ಮರಳಿ ಬಂದಳು. ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಕೋಟು ತೆಗೆಯದೆ ಕುಳಿತಳು. ಯಾರೂ ಅವಳನ್ನು ಏನೂ ಕೇಳಲಿಲ್ಲ, ಅವಳೂ ಮಾತಾಡಲಿಲ್ಲ. ಸಭೆ ಮುಗಿದ ಮೇಲೆ ಮೇಜಿನ ಮೇಲಿದ್ದ ಹಾಳೆಯನ್ನು ಎಳೆದುಕೊಂಡು, ಗ್ರಂಥಾಲಯದಿಂದ ಜೊತೆಗೆ ನಡೆಯುವವರ ಪಟ್ಟಿಯಲ್ಲಿ ಮಂಗಳವಾರದ ಎದುರು ತನ್ನ ಹೆಸರು ಬರೆದು ಹೊರಟಳು. ಇನ್ನೊಬ್ಬ ಬರಲಿಲ್ಲ. ಅವನ ಸಂಖ್ಯೆ ನನ್ನ ಫೋನಿನಲ್ಲಿ ಇನ್ನೂ ಇದೆ. ಎರಡು ಬಾರಿ ಬರೆದೆ, ಉತ್ತರ ಬರಲಿಲ್ಲ, ಉತ್ತರಿಸದಿರಲು ಅವನಿಗೆ ಕಾರಣಗಳಿವೆ.