ಸೀಗಡಿ ಹಾಕದ ಸೋಮ್‌ತಾಮ್ ಮತ್ತು ಹತ್ತು ಬಾತ್

ನಿನ್ನೆ ರಾತ್ರಿ ನಡೆದದ್ದನ್ನು ಬರೆದು ಹಗುರಾಗದೆ ನನಗೆ ನಿದ್ದೆ ಬರುವಂತಿಲ್ಲ. ಬರಹ ಉದ್ದವಾಗುತ್ತದೆ, ಅಷ್ಟು ಓದಲಾಗದವರು ಎಂದಿನಂತೆ ಲೈಕ್ ಒತ್ತಿ ಮುಂದೆ ಹೋಗಬಹುದು.

ಬೆಂಗಳೂರಿನಿಂದ ಕಾಲೇಜಿನ ದಿನಗಳ ಗೆಳೆಯನೊಬ್ಬ ನಾಲ್ಕು ದಿನಕ್ಕೆಂದು ನಾನಿರುವ ಬ್ಯಾಂಕಾಕಿಗೆ ಬಂದಿದ್ದಾನೆ. ಹೆಸರು ಹೇಳುವುದಿಲ್ಲ. ಅವನೂ ಇಲ್ಲಿನ ನನ್ನ ಗೆಳೆಯರ ಪಟ್ಟಿಯಲ್ಲೇ ಇದ್ದಾನೆ, ಓದುತ್ತಾನೆ, ಓದಲಿ. ರಾತ್ರಿ ಹನ್ನೆರಡು ದಾಟಿದ ಮೇಲೆ ಅಸೋಕ್ ನಿಲ್ದಾಣದ ಹತ್ತಿರ, ಸುಖುಮ್ವಿತ್ ರಸ್ತೆಯ 23ನೇ ಸೋಯಿಯ ತಿರುವಿನಲ್ಲಿ, ಒಂದು ತಳ್ಳುಗಾಡಿಯ ಮುಂದೆ ನಿಂತೆವು. ಸೋಯಿ ಎಂದರೆ ಅಡ್ಡರಸ್ತೆ. ಅವನಿಗೆ ಸೋಮ್‌ತಾಮ್ ತಿನ್ನಬೇಕಿತ್ತು. ಹಸಿ ಪರಂಗಿಕಾಯಿಯನ್ನು ಸಣ್ಣ ಎಳೆಗಳಾಗಿ ಹೆರೆದು, ಬೆಳ್ಳುಳ್ಳಿ, ಮೆಣಸಿನಕಾಯಿ, ತಾಳೆಬೆಲ್ಲ, ಅಲಸಂದೆಕಾಯಿ, ಟೊಮೆಟೊ, ನಿಂಬೆರಸ, ಶೇಂಗಾ ಎಲ್ಲವನ್ನೂ ಮಣ್ಣಿನ ಒರಳಿನಲ್ಲಿ ಮರದ ಒನಕೆಯಿಂದ ಕುಟ್ಟಿ ಕೊಡುವ ತಿನಿಸು ಅದು. ನಮ್ಮ ಕೋಸಂಬರಿಗೆ ಸಿಟ್ಟು ಬಂದರೆ ಹೇಗಿರುತ್ತದೋ ಹಾಗೆ. ಅದರಲ್ಲಿ ಮೀನಿನ ರಸವೂ ಒಣಸೀಗಡಿಯೂ ಬೀಳುತ್ತವೆ, ನನ್ನ ಗೆಳೆಯನೋ ಸಸ್ಯಾಹಾರಿ. ಆದ್ದರಿಂದ ನಾನು ನನ್ನ ಹರಕುಮುರುಕು ಥಾಯ್ ಭಾಷೆಯಲ್ಲಿ "ಪೀ, ಮಾಯ್ ಸಾಯ್ ನಾಮ್‌ಪ್ಲಾ, ಮಾಯ್ ಸಾಯ್ ಕುಂಗ್ ಹೇಂಗ್" ಎಂದು ಬೇಡಿಕೊಂಡೆ. ಅಕ್ಕಾ, ಮೀನಿನ ರಸ ಬೇಡ, ಒಣಸೀಗಡಿ ಬೇಡ ಎಂದರ್ಥ. ಆಕೆ ಒಮ್ಮೆ ಅವನ ಮುಖ ನೋಡಿದಳು, ಒಮ್ಮೆ ನನ್ನದನ್ನು. ಆಮೇಲೆ ಒರಳನ್ನು ಎರಡು ಸಲ ನೀರು ಹಾಕಿ ತೊಳೆದಳು, ಒನಕೆಯನ್ನೂ ತೊಳೆದು ಬಟ್ಟೆಯಲ್ಲಿ ಒರೆಸಿದಳು, ಸೌಟನ್ನು ಬದಲಾಯಿಸಿದಳು, ಮೀನಿನ ರಸದ ಬದಲು ಉಪ್ಪು ಹಾಕಿ, "ಪ್ರಿಕ್ ಕೀ ಮೆಟ್?" ಎಂದು ಮೆಣಸಿನಕಾಯಿ ಎಷ್ಟೆಂದು ಕೇಳಿ ಕುಟ್ಟತೊಡಗಿದಳು. ನಮ್ಮ ಹಿಂದೆ, ಪಾಳಿಯ ನಡುವಿನ ಬಿಡುವಿನಲ್ಲಿ ಹೊರಬಂದಿದ್ದ ಬಾರಿನ ಕೆಲಸದ ಹುಡುಗಿಯರು ಮೂವರು ತಮ್ಮ ಸರದಿಗಾಗಿ ಕಾಯುತ್ತಿದ್ದರು.

ಗಾಡಿಯ ಗಾಜಿಗೆ ಅಂಟಿಸಿದ ಹಲಗೆಯಲ್ಲಿ ದಪ್ಪ ಅಕ್ಷರದಲ್ಲಿ 60 ಎಂದಿತ್ತು, ಅಂದರೆ ಅರವತ್ತು ಬಾತ್, ಇಲ್ಲಿನ ದುಡ್ಡು. ನನ್ನ ಗೆಳೆಯ ನನ್ನ ಕಿವಿಯಲ್ಲಿ ಹೇಳಿದ: "ಸೀಗಡಿ ಹಾಕಿಲ್ಲವಲ್ಲೋ, ಹತ್ತು ಕಡಿಮೆ ಮಾಡೋಕೆ ಹೇಳು."

ನಾನು ಹೇಳಲಿಲ್ಲ. ಕೇಳಿಸದವನಂತೆ ನಿಂತೆ. ಆತ ಬಿಡುವ ಆಸಾಮಿಯೇ? ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆರೆದು 50 ಎಂದು ಒತ್ತಿ ಆಕೆಯ ಮುಂದೆ ಹಿಡಿದೇಬಿಟ್ಟ. ಆಕೆ ನಕ್ಕಳು. ಆ ನಗುವಿನ ಅರ್ಥ ಇಲ್ಲಿ ಇಷ್ಟು ವರ್ಷ ಇದ್ದರೂ ನನಗೆ ಪೂರ್ತಿ ತಿಳಿದಿಲ್ಲ, ಆದರೆ ಸಂತೋಷವಂತೂ ಅಲ್ಲ. ನೂರರ ನೋಟಿಗೆ ಐವತ್ತು ಚಿಲ್ಲರೆ ಕೊಟ್ಟು ಮುಂದಿನ ಹುಡುಗಿಯ ಕಡೆ ತಿರುಗಿದಳು. ಇವನು ವಿಜಯನಗರ ಸಾಮ್ರಾಜ್ಯವನ್ನೇ ಮರಳಿ ಗೆದ್ದವನ ಠೀವಿಯಲ್ಲಿ, "ನೋಡಿದೆಯಾ, ಕೇಳಿದರೆ ಕೊಡ್ತಾರೆ. ಆದರೂ ಅಗ್ಗ ಕಣೋ ನಿಮ್ಮೂರು" ಎಂದ.

ನನ್ನ ಜಗಳವೆಲ್ಲ ಈ "ಅಗ್ಗ" ಎಂಬ ಪದದೊಡನೆ.

ಇದೇ ಗೆಳೆಯ ಅದಕ್ಕೂ ಮೂರು ಗಂಟೆ ಮೊದಲು ಏನು ಮಾಡಿದ್ದನೆಂಬುದನ್ನೂ ಹೇಳಬೇಕು. ಸೀಲೊಮ್ ಕಡೆಯ ಎತ್ತರದ ಕಟ್ಟಡವೊಂದರ ತಾರಸಿಯ ಬಾರಿನಲ್ಲಿ ಇಬ್ಬರೂ ಎರಡೆರಡು ಕಾಕ್‌ಟೇಲ್ ಕುಡಿದೆವು. ಒಂದಕ್ಕೆ 450 ಬಾತ್. ದರಪಟ್ಟಿಯಲ್ಲಿ ಅಂಕಿಯ ಪಕ್ಕ ಎರಡು ಕೂಡಿಸುವ ಚಿಹ್ನೆಗಳಿದ್ದವು, ಸಣ್ಣದಾಗಿ, ಕನ್ನಡಕವಿಲ್ಲದವರಿಗೆ ಕಾಣದ ಹಾಗೆ. ಅದರರ್ಥ ಮೊದಲು ಶೇ. 10 ಸೇವಾಶುಲ್ಕ, ಆ ಮೊತ್ತದ ಮೇಲೆ ಮತ್ತೆ ಶೇ. 7 ತೆರಿಗೆ. 1,800 ಇದ್ದದ್ದು 2,118 ಆಯಿತು. ಇವನು ಬಿಲ್ಲನ್ನು ಮಡಚಿ, ಕಾರ್ಡು ಇಟ್ಟು, ಬಂದ ಹುಡುಗನಿಗೆ ಇಂಗ್ಲಿಷಿನಲ್ಲಿ ಕೃತಜ್ಞತೆ ಹೇಳಿದ. ಅಲ್ಲಿ ಕ್ಯಾಲ್ಕ್ಯುಲೇಟರ್ ಹೊರಗೆ ಬರಲಿಲ್ಲ. ಗ್ಲಾಸಿನ ತುಂಬ ಮಂಜುಗಡ್ಡೆಯೇ ಇತ್ತಲ್ಲ, ಹತ್ತು ಕಡಿಮೆ ಮಾಡಿ ಎಂದು ಕೇಳಬಹುದಿತ್ತು!

ಮುನ್ನೂರು ಹದಿನೆಂಟನ್ನು ಉಸಿರೆತ್ತದೆ ಕೊಟ್ಟವನು ಹತ್ತಕ್ಕಾಗಿ ಪಾದಚಾರಿ ಮಾರ್ಗದಲ್ಲಿ ನಿಂತು ವಾದಿಸಿದ. ಇದು ಅವನೊಬ್ಬನ ಕಾಯಿಲೆಯಲ್ಲ. ಭಾರತೀಯರಿಗೆ ವೀಸಾ ಬೇಡವೆಂದು 2023ರ ನವೆಂಬರಿನಲ್ಲಿ ಇಲ್ಲಿನ ಸರ್ಕಾರ ಬಾಗಿಲು ತೆರೆದ ಮೇಲೆ ನನ್ನ ಸೋಫಾದ ಮೇಲೆ ಮಲಗಿ ಹೋದವರ ಲೆಕ್ಕ ಇಟ್ಟಿಲ್ಲ. ಹೆಚ್ಚುಕಡಿಮೆ ಎಲ್ಲರೂ ಹೀಗೆಯೇ. ಗಾಜಿನ ಬಾಗಿಲು ಇದ್ದಲ್ಲಿ ಬಾಯಿ ಮುಚ್ಚುತ್ತದೆ, ಚಕ್ರ ಇದ್ದಲ್ಲಿ ತೆರೆಯುತ್ತದೆ. ಮಹಾಚೈ ರಸ್ತೆಯಲ್ಲಿ ಸ್ಕೀ ಕನ್ನಡಕ ಹಾಕಿಕೊಂಡು ಇದ್ದಿಲ ಒಲೆಯ ಮುಂದೆ ನಿಲ್ಲುವ ಜೇ ಫೈ ಎಂಬ ಬಾಣಸಿಗರಿಗೆ ಊಟದ ಲೋಕದ ದೊಡ್ಡ ಬಿರುದಾದ ಮಿಶೆಲಿನ್ ನಕ್ಷತ್ರ ಬಂದದ್ದು 2017ರ ಡಿಸೆಂಬರಿನಲ್ಲಿ. ಅವರ ಏಡಿ ಆಮ್ಲೆಟ್ ಸಾವಿರ ಬಾತ್ ದಾಟಿ ಬಹಳ ಕಾಲವಾಯಿತು. ಅಲ್ಲಿ ಗಂಟೆಗಟ್ಟಲೆ ದೇವಸ್ಥಾನದ ಸರದಿಯಲ್ಲಿ ನಿಂತಂತೆ ನಿಂತು, ತಿಂದು, ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಆಕೆಯ ಬೆಲೆ ಆಕೆಯ ಕೈಗುಣದ್ದು, ಸರಿಯೇ ಇದೆ. ಸೋಯಿಯ ತಿರುವಿನಲ್ಲಿ ನಿಂತವಳ ಕೈಗೂ ಒಂದು ಬೆಲೆ ಇರಬಹುದೆಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಅಗ್ಗ ಎನ್ನುವ ಮೊದಲು ಯಾರಿಗೆ ಅಗ್ಗ ಎಂದು ಕೇಳಬೇಕಲ್ಲವೇ? ಬ್ಯಾಂಕಾಕಿನಲ್ಲಿ ಕನಿಷ್ಠ ಕೂಲಿ 2025ರ ಜುಲೈ 1ರಿಂದ ದಿನಕ್ಕೆ 400 ಬಾತ್. (ಬಾತ್ ಎಂದರೆ ನಮ್ಮ ಕಡೆ ಅನ್ನ, ಇವರಿಗೆ ದುಡ್ಡು, ಎರಡಕ್ಕೂ ಒಂದೇ ಪದ ಸಿಕ್ಕಿದ್ದು ಬರಿಯ ಆಕಸ್ಮಿಕವಾದರೂ ನನಗೆ ಪ್ರತಿ ತಿಂಗಳ ಕೊನೆಯಲ್ಲಿ ನೆನಪಾಗುತ್ತದೆ.) ಆ ಕೂಲಿಯವರಿಗೆ 60 ಬಾತ್‌ನ ಒಂದು ತಟ್ಟೆ ಎಂದರೆ ದಿನದ ದುಡಿಮೆಯ ಹತ್ತಿರ ಹತ್ತಿರ ಏಳರಲ್ಲೊಂದು ಪಾಲು. ನಾವು ತಾರಸಿಯ ಮೇಲೆ ಕುಡಿದು ಮುಗಿಸಿದ್ದು ಅವರ ಐದು ದಿನಕ್ಕಿಂತ ಹೆಚ್ಚಿನ ಕೂಲಿ. ಅಷ್ಟಕ್ಕೂ ಈಗಿನ ವಿನಿಮಯದಲ್ಲಿ ಅರವತ್ತು ಬಾತ್ ನೂರೈವತ್ತು ರೂಪಾಯಿಯನ್ನು ದಾಟುತ್ತದೆ. ದಾವಣಗೆರೆಯಲ್ಲಿ ಅಷ್ಟಕ್ಕೆ ಬೆಣ್ಣೆದೋಸೆ ತಿಂದು, ಕಾಫಿ ಕುಡಿದು, ಚಿಲ್ಲರೆ ಉಳಿಸಿಕೊಂಡು ಮನೆಗೆ ಹೋಗಬಹುದು. ಹಾಗಾದರೆ ಇದು ಅಗ್ಗ ಹೇಗಾಯಿತು? ಹೊರದೇಶ ಅಗ್ಗವಾಗಿರಲೇಬೇಕೆಂದು ವಿಮಾನ ಹತ್ತುವ ಮೊದಲೇ ತೀರ್ಮಾನಿಸಿ ಬಂದವರಿಗೆ ಲೆಕ್ಕವೇಕೆ.

ಈ ಊರಿನಲ್ಲಿ ಬೀದಿ ಊಟವೆಂದರೆ ಸಂಜೆಯ ಶೋಕಿಯಲ್ಲ ಎಂಬುದನ್ನು ನಾಲ್ಕು ದಿನದವರಿಗೆ ಹೇಗೆ ತಿಳಿಸುವುದು? ಇಲ್ಲಿನ ಬಾಡಿಗೆ ಕೋಣೆಗಳಲ್ಲಿ ಬಹಳಷ್ಟಕ್ಕೆ ಅಡುಗೆಮನೆಯೇ ಇರುವುದಿಲ್ಲ. ಓನ್‌ನುಟ್‌ನಲ್ಲಿರುವ ನನ್ನ ಕೋಣೆಗೆ ತಿಂಗಳಿಗೆ 11,000 ಬಾತ್ ಕೊಡುತ್ತೇನೆ. ಅದರಲ್ಲಿ ಅಡುಗೆಮನೆ ಎಂದರೆ ಬಚ್ಚಲಿನ ಪಕ್ಕದ ಒಂದು ಕೈತೊಳೆಯುವ ತೊಟ್ಟಿ, ಅದರ ಮೇಲೊಂದು ಹಲಗೆ. ಒಗ್ಗರಣೆ ಹಾಕಿದರೆ ಮಹಡಿಯ ತುಂಬ ಕೆಮ್ಮು. ಹೀಗಾಗಿ ಇಡೀ ಮಹಡಿಯೇ ಕೆಳಗಿನ ಗಾಡಿಗಳನ್ನು ನಂಬಿ ಬದುಕುತ್ತದೆ. ಸಂಜೆ ಕೆಲಸ ಮುಗಿಸಿ ಬರುವವರ ಬೆರಳುಗಳಿಗೆ ರಬ್ಬರ್‌ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲಗಳು ನೇತಾಡುತ್ತಿರುತ್ತವೆ, ಒಂದರಲ್ಲಿ ಸಾರು, ಒಂದರಲ್ಲಿ ಪಲ್ಯ, ಒಂದರಲ್ಲಿ ಅನ್ನ. ನಾನು 2018ರಲ್ಲಿ ಬಂದಾಗ ನಮ್ಮ ಸೋಯಿಯಲ್ಲಿ ಅನ್ನದ ಮೇಲೆ ಒಂದು ಸಾರು ಹಾಕಿಸಿಕೊಂಡರೆ 35 ಇತ್ತು, ಈಗ 50. ಗಾಡಿಯವಳು ಐದೈದು ಬಾತ್ ಏರಿಸಿದಾಗಲೆಲ್ಲ ಹಲಗೆಯ ಮೇಲೆ ಹೊಸ ಅಂಕಿ ಅಂಟಿಸಿ ಒಂದು ವಾರ ಗಿರಾಕಿಗಳ ಕಣ್ಣು ತಪ್ಪಿಸುತ್ತಿದ್ದಳು, ಕಳ್ಳತನ ಮಾಡಿದವರ ಹಾಗೆ.

ಆ ಗಾಡಿಗಳಾದರೂ ಎಷ್ಟು ದಿನ? 2017ರಲ್ಲಿ ಬೀದಿಯ ಗಾಡಿಗಳನ್ನೆಲ್ಲ ತೆರವು ಮಾಡುತ್ತೇವೆಂದು ನಗರಾಡಳಿತ ಹೊರಟು, ಜಗತ್ತೆಲ್ಲ ಬೊಬ್ಬೆ ಹೊಡೆದ ಮೇಲೆ ಯಾವರಾತ್ ಮತ್ತು ಖಾವೊ ಸಾನ್ ರಸ್ತೆಗಳನ್ನು ಉಳಿಸಿಕೊಂಡಿತು. ಪ್ರವಾಸಿಗರು ಬರುವ ಬೀದಿಗಳಲ್ಲವೇ, ಉಳಿಯಲೇಬೇಕು. ಸುಖುಮ್ವಿತ್ 38ನೇ ಸೋಯಿಯ ಗಾಡಿಗಳ ಸಾಲು ಅದಕ್ಕೂ ಮೊದಲೇ ಕರಗಿತ್ತು. ಆ ಜಾಗದ ಮೇಲೆ ಕಾಂಡೊಮಿನಿಯಮ್‌ನವರ ಕಣ್ಣು ಬಿದ್ದಿತ್ತು. ನಿನ್ನೆಯ ಸೋಮ್‌ತಾಮ್ ಅಕ್ಕ ಈ ದೇಶದ ಈಶಾನ್ಯ ಭಾಗವಾದ ಈಸಾನ್ ಕಡೆಯವಳು, ರೊಯ್‌ಎಟ್ ಪ್ರಾಂತ್ಯದವಳು. ತರಕಾರಿಗೆ ಬೆಳಗಿನ ಜಾವ ಖ್ಲೋಂಗ್ ತೊಯ್ ಮಾರುಕಟ್ಟೆಗೆ ಹೋಗುತ್ತಾಳೆ. ಪಕ್ಕದ ಬಾರುಗಳ ಬೀದಿ ಸೋಯಿ ಕೌಬಾಯ್‌ನಲ್ಲಿ ಬಣ್ಣದ ದೀಪದ ಕೆಳಗೆ ನಿಲ್ಲುವ ಹುಡುಗಿಯರಲ್ಲಿಯೂ ಹಲವರು ಅದೇ ಈಸಾನಿನವರು. ಅವರಿಗೆ ಊರಿನ ರುಚಿ ಸಿಗುವುದು ಈ ಒರಳಿನಿಂದ. 2023ರ ಡಿಸೆಂಬರಿನಿಂದ ಇಲ್ಲಿನ ಮೋಜಿನ ತಾಣಗಳು ಬೆಳಗಿನ ನಾಲ್ಕರವರೆಗೆ ತೆರೆದಿರಬಹುದೆಂದು ನಿಯಮ ಬಂದಿತು, ಪ್ರವಾಸಿಗರು ಕುಣಿದಾಡಿದರು. ಅದರೊಡನೆ ಈಕೆಯ ರಾತ್ರಿಯೂ ಉದ್ದವಾಯಿತೆಂಬುದನ್ನು ನಾನು ಯಾವ ಪ್ರವಾಸಿ ವಿಡಿಯೊದಲ್ಲಿಯೂ ನೋಡಿಲ್ಲ. ನೈಟ್‌ಲೈಫ್ ನೈಟ್‌ಲೈಫ್ ಎಂದು ಬಾಯಿಬಿಡುವ ನನ್ನ ಗೆಳೆಯರೇ, ಈ ಊರಿನ ರಾತ್ರಿಯ ಜೀವನವೆಂದರೆ ಮುಖ್ಯವಾಗಿ ರಾತ್ರಿ ದುಡಿಯುವವರ ಜೀವನ.

ನನ್ನ ಗೆಳೆಯ ಸುಮ್ಮನಿರಲಿಲ್ಲ, ವಾದ ಹೂಡಿದ. ಏಷ್ಯಾದ ಮಾರುಕಟ್ಟೆಗಳಲ್ಲಿ ಚೌಕಾಸಿ ಸಂಸ್ಕೃತಿಯಂತೆ, ಮಾಡದಿದ್ದರೆ ವ್ಯಾಪಾರಿಗಳಿಗೇ ಬೇಜಾರಂತೆ. ಚತುಚಾಕ್ ಸಂತೆಯಲ್ಲಿ ಅಂಗಿಗೆ ಮಾಡು, ಯಾರು ಬೇಡವೆಂದರು? ಬೆಲೆ ಬರೆದಿಟ್ಟ ಊಟಕ್ಕೆ ಇಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ. ಹಿಂದೆ ನಿಂತಿದ್ದ ಆ ಮೂವರು ಹುಡುಗಿಯರು ತುಟಿಪಿಟಿಕ್ಕೆನ್ನದೆ ಅರವತ್ತು ಕೊಟ್ಟರು. ಪ್ರವಾಸಿಗರನ್ನು ಇಲ್ಲಿ ಎಲ್ಲರೂ ಸುಲಿಯುತ್ತಾರೆ ಎಂಬುದು ಅವನ ಎರಡನೆಯ ಬಾಣ. ಸುಲಿಯುತ್ತಾರೆ, ಒಪ್ಪುತ್ತೇನೆ. ಅರ್ಧರಾತ್ರಿಯ ನಂತರ ಸ್ಕೈಟ್ರೇನ್ ನಿಂತುಹೋಗುತ್ತದೆ. ಮೀಟರ್ 35ರಿಂದ ಶುರುವಾಗಬೇಕಾದ ಟ್ಯಾಕ್ಸಿಯವನು ನಿನ್ನೆ ಮೀಟರಿನ ಮೇಲೆ ಕರವಸ್ತ್ರ ಹೊದಿಸಿ 300 ಕೇಳಿದ. ಆಗ ನಮ್ಮ ಚೌಕಾಸಿ ಶೂರರು ಏನು ಮಾಡಿದರು? ಆ ಚಾಲಕನ ತೋಳಿನ ಹಚ್ಚೆ ನೋಡಿ, ಮರುಮಾತಿಲ್ಲದೆ ಒಳಗೆ ಕುಳಿತರು.

ಅವನ ಮೂರನೆಯ ಮಾತು ಮಾತ್ರ ನಾಟಿತು. "ನಿಮ್ಮಪ್ಪ ಗಾಡಿ ಇಟ್ಟಿದ್ದರಲ್ಲ, ಅದಕ್ಕೇ ನಿನಗೆ ಹೀಗೆ ಉರಿಯುತ್ತೆ" ಎಂದ. ನಿಮ್ಮಲ್ಲಿ ಹಲವರು ನಮ್ಮಪ್ಪನ ಕೈಯ ಮಿರ್ಚಿ ತಿಂದವರೇ. ಉರಿಯುತ್ತದೆ, ಹೌದು. ಮಳೆ ಬಂದ ಸಂಜೆ ಕಲಸಿಟ್ಟ ಕಡಲೆಹಿಟ್ಟು ಹಾಗೇ ಉಳಿದು, ಮನೆಗೆ ಬಂದ ಅಪ್ಪ ಏನೂ ಮಾತಾಡದೆ ಕಾಲು ತೊಳೆಯುತ್ತಿದ್ದುದು ನನಗೆ ಗೊತ್ತು. ಆದರೆ ಇದನ್ನು ತಿಳಿಯಲು ಅಪ್ಪ ಗಾಡಿಯವನೇ ಆಗಿರಬೇಕೇ?

ಇಷ್ಟೆಲ್ಲ ಕೂಗಾಡಿದ ಮೇಲೆ ತಪ್ಪೊಪ್ಪಿಕೊಳ್ಳುವುದೂ ಇದೆ, ನೀವೇ ಹಳೆಯದನ್ನು ಹುಡುಕಿ ತೆಗೆಯುವ ಮೊದಲು ನಾನೇ ಹೇಳಿಬಿಡುತ್ತೇನೆ. ಇದೇ ಗೋಡೆಯ ಮೇಲೆ ನಾನು ಬಂದ ಹೊಸತರಲ್ಲಿ ಅನ್ನದ ತಟ್ಟೆಯ ಚಿತ್ರ ಹಾಕಿ, "ಬೆಂಗಳೂರಿನ ದರ್ಶಿನಿ ದರಕ್ಕೆ ಬ್ಯಾಂಕಾಕಿನಲ್ಲಿ ಭರ್ಜರಿ ಊಟ, ಬನ್ನಿ ಬನ್ನಿ" ಎಂದು ಬರೆದಿದ್ದೆ. ಆಗ ಸಿಕ್ಕಷ್ಟು ಲೈಕ್ ಇಂದಿಗೂ ಸಿಕ್ಕಿಲ್ಲ. ಅಷ್ಟೇ ಅಲ್ಲ, ಮೊದಲ ತಿಂಗಳಲ್ಲಿ ಹಂದಿಮಾಂಸದ ಬದಲು ಬರೀ ಮೊಟ್ಟೆ ಹಾಕಿಸಿಕೊಂಡು ನಾನೂ ಐದು ಬಾತ್ ಕಡಿಮೆ ಕೇಳಿದ್ದೇನೆ. ಆ ಮುದುಕಿಯೂ ನಕ್ಕಿದ್ದಳು. ಅಗ್ಗ ಎಂಬ ಪದವನ್ನು ನಿಮ್ಮ ತಲೆಗೆ ತುಂಬಿದವರಲ್ಲಿ ನಾನೂ ಒಬ್ಬ ಎಂಬುದಕ್ಕೇ ನನಗೆ ಇಷ್ಟು ಸಿಟ್ಟು ಬಂದಿರಬೇಕು.

ಇವತ್ತು ಆಫೀಸಿನಿಂದ ಬರುವಾಗ ಅಸೋಕ್‌ನಲ್ಲಿ ಇಳಿದು ಆ ತಿರುವಿಗೆ ಹೋದೆ, ಹತ್ತರ ನಾಣ್ಯ ಕೊಟ್ಟು ಬರೋಣವೆಂದು. ಸೋಮವಾರ ಎಂಬುದನ್ನೇ ಮರೆತಿದ್ದೆ. ಸೋಮವಾರ ಪಾದಚಾರಿ ಮಾರ್ಗಗಳನ್ನು ತೊಳೆಯುವ ದಿನ, ಬಹಳಷ್ಟು ಗಾಡಿಗಳಿಗೆ ರಜೆ.

ಡಿಸೆಂಬರಿನ ರಜೆಗೆ ಬರುತ್ತೇವೆಂದು ಈಗಾಗಲೇ ಮೂವರು ಸಂದೇಶ ಕಳಿಸಿದ್ದೀರಿ. ಬನ್ನಿ, ಸೋಫಾ ಇದೆ. ನೂರು ಬಾತ್ ಒಳಗಿನ ಯಾವ ಚೌಕಾಸಿಗೂ ನಾನು ದುಭಾಷಿಯಾಗುವುದಿಲ್ಲ ಎಂಬುದೊಂದೇ ಷರತ್ತು. ಚೌಕಾಸಿ ಮಾಡದೆ ಕೈ ತುರಿಸುವವರಿಗೆ ಬೇರೊಂದು ವ್ಯವಸ್ಥೆ ಮಾಡುತ್ತೇನೆ. ನನ್ನ ಮನೆಯೊಡತಿ ವಿದ್ಯುತ್ತಿಗೆ ಯೂನಿಟ್‌ಗೆ 8 ಬಾತ್ ಹಾಕುತ್ತಾಳೆ, ಸರ್ಕಾರಿ ದರ ಅದರ ಅರ್ಧದ ಆಸುಪಾಸಿನಲ್ಲಿದೆ. ಐದು ಅಥವಾ ಹೆಚ್ಚು ಕೋಣೆ ಬಾಡಿಗೆಗೆ ಕೊಡುವವರು ಹಾಗೆ ಹೆಚ್ಚಿಗೆ ವಸೂಲಿ ಮಾಡಬಾರದೆಂದು 2018ರಲ್ಲೇ ನಿಯಮ ಬಂದಿದೆ, ಆಕೆಗಿರುವುದು ನಲವತ್ತು ಕೋಣೆ. ಎರಡು ತಿಂಗಳ ಮುಂಗಡ ಆಕೆಯ ಕೈಯಲ್ಲಿರುವುದರಿಂದ ಇಷ್ಟು ವರ್ಷ ನಾನು ಬಾಯಿ ತೆರೆದಿಲ್ಲ. ಆಕೆ ಕೆಳಗಿನ ಮಹಡಿಯಲ್ಲಿ ಎಸಿ ಹಾಕಿಕೊಂಡು, ಗಾಜಿನ ಬಾಗಿಲಿನ ಹಿಂದೆ ಕುಳಿತಿರುತ್ತಾಳೆ. ನಿಮ್ಮ ಕ್ಯಾಲ್ಕ್ಯುಲೇಟರನ್ನು ಅಲ್ಲಿಗೆ ತನ್ನಿ. ಎಂಟನ್ನು ಐದಕ್ಕೆ ಇಳಿಸಿಕೊಟ್ಟವರಿಗೆ ಹತ್ತು ತಟ್ಟೆ ಸೋಮ್‌ತಾಮ್ ನನ್ನ ಲೆಕ್ಕದಲ್ಲಿ, ಸೀಗಡಿ ಬೇಕಾದರೂ ಬೇಡದಿದ್ದರೂ ಅರವತ್ತರಂತೆ.