ನಮ್ಮ ಚೀಟಿಯಲ್ಲಿ ನಮ್ಮ ಸಿನಿಮಾ ಯಾಕಿಲ್ಲ?

ಭಾನುವಾರ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರ ಕೂಟಕ್ಕೆ ಹೋಗಿ ಬಂದಾಗಿನಿಂದ ಮನಸ್ಸು ಸರಿಯಿಲ್ಲ. ಎರಡು ದಿನ ಸುಮ್ಮನಿದ್ದೆ. ಇವತ್ತು ಬರೆದೇ ಬಿಡುತ್ತೇನೆ.

ಊಟ ಆದ ಮೇಲೆ ಒಂದು ಆಟ ಇಟ್ಟಿದ್ದರು. ಜೀವನದಲ್ಲಿ ಎಲ್ಲಕ್ಕಿಂತ ಇಷ್ಟವಾದ ಐದು ಸಿನಿಮಾಗಳ ಹೆಸರನ್ನು ಚೀಟಿಯಲ್ಲಿ ನಂಬರ್ ಹಾಕಿ ಬರೆಯಬೇಕು. ಮೂವತ್ತಕ್ಕೂ ಜಾಸ್ತಿ ಚೀಟಿ ಬಂದವು. ಒಂದೊಂದಾಗಿ ಓದಿದರು. ಶೋಲೆ, ಗಾಡ್‌ಫಾದರ್, ಟೈಟಾನಿಕ್, ಮತ್ತೆ ಶೋಲೆ. ಕನ್ನಡದ್ದು ಅಂತ ಬಂದದ್ದು ಎರಡೇ ಹೆಸರು, ಕೆಜಿಎಫ್ ಮತ್ತು ಕಾಂತಾರ. ಕನ್ನಡದವರೇ ತುಂಬಿದ್ದ ಹಾಲ್‌ನಲ್ಲಿ, ನನ್ನ ಚೀಟಿ ಒಂದು ಬಿಟ್ಟರೆ, 2018ಕ್ಕಿಂತ ಹಿಂದಿನ ಒಂದೇ ಒಂದು ಕನ್ನಡ ಸಿನಿಮಾ ಇರಲಿಲ್ಲ. ನನ್ನದನ್ನು ಓದಿದಾಗ ಹಿಂದಿನಿಂದ ಯಾರೋ, 'ಅಯ್ಯೋ, ಅವಾರ್ಡ್ ಸಿನಿಮಾ' ಅಂದರು. ನಾಲ್ಕು ಜನ ನಕ್ಕರು.

ಆ ಎರಡು ಸಿನಿಮಾಗಳ ಮೇಲೆ ನನಗೆ ಸಿಟ್ಟಿಲ್ಲ. ಕಾಂತಾರದ ಕೊನೆಯ ಕೋಲ ನೋಡಿ ನಾನೂ ಥಿಯೇಟರಿನಲ್ಲಿ ಅತ್ತಿದ್ದೇನೆ. ನಾವು ಆ ಕಡೆಯವರೇ ಅಲ್ವಾ. ನನ್ನ ತಕರಾರು ಬೇರೆ. ನಮ್ಮ ಆಫೀಸಿನ ಹಿಂದಿಯವರಿಗೆ, ಮರಾಠಿಯವರಿಗೆ ಗೊತ್ತಿರುವ ಕನ್ನಡ ಸಿನಿಮಾ ಅವೆರಡೇ. ಅವರಿಗೆ ಗೊತ್ತಿರುವುದನ್ನು ಮಾತ್ರ ನಾವು ಧೈರ್ಯವಾಗಿ ನಮ್ಮದು ಅನ್ನುತ್ತೇವೆ. ಉಳಿದದ್ದನ್ನು ಬಚ್ಚಿಡುತ್ತೇವೆ. ನಮ್ಮವರ ಮುಂದೆಯೂ ಬಚ್ಚಿಡುತ್ತೇವೆ.

ಬಚ್ಚಿಡುತ್ತೇವೆ ಅಂತ ಯಾಕೆ ಹೇಳುತ್ತೇನೆ ಗೊತ್ತಾ? ನನ್ನ ಪಕ್ಕ ಊಟಕ್ಕೆ ಕೂತಿದ್ದ ಮಾವ ಅರ್ಧ ಗಂಟೆ ನಾಗರಹಾವು ಕಥೆ ಹೇಳಿದ್ದರು. 1972ರಲ್ಲಿ ಬಂದ ಸಿನಿಮಾ, ಅವರು ಆಗ ಹುಡುಗ. ಚಾಮಯ್ಯ ಮೇಷ್ಟ್ರು ರಾಮಾಚಾರಿಯ ಜೊತೆ ಹೇಗೆ ಮಾತಾಡುತ್ತಾರೆ ಅಂತ ಅಶ್ವತ್ಥ್ ಅವರ ದನಿಯಲ್ಲೇ ಮಾಡಿ ತೋರಿಸಿದರು. ಕೈ ಎಲೆಯ ಮೇಲೆ ಹಾಗೇ ಒಣಗಿತ್ತು. ಕಣ್ಣು ತುಂಬಿತ್ತು. ಆಮೇಲೆ ಚೀಟಿ ಕೈಗೆ ಬಂತು. ಮಾವ ಒಂದನೇ ನಂಬರಿಗೆ ಬರೆದದ್ದು ಗಾಡ್‌ಫಾದರ್.

ನಾನೂ ಇದನ್ನೇ ಮಾಡಿದವಳು. ಮುಂಬೈಯ ಫೋರ್ಟ್‌ನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಎಲ್ಲರೂ ಕೂತಿದ್ದಾಗ ಯಾರೋ ಇದೇ ಪ್ರಶ್ನೆ ಕೇಳಿದರು. ನಾನು ಶೋಲೆ ಅಂದೆ. ಬಾಯಿಗೆ ಬಂದದ್ದು ಬೇರೆ ಹೆಸರು, ನುಂಗಿಕೊಂಡೆ. ಶೋಲೆಯ ಆ ಬಂಡೆಗಳು ನಮ್ಮ ರಾಮನಗರದವು ಅಂತ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಆ ದಿನ ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡು ಬರುವಾಗ ಅಮ್ಮನಿಗೆ ಏನೋ ಮೋಸ ಮಾಡಿದೆ ಅನ್ನಿಸಿತ್ತು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ನಾನು ನುಂಗಿಕೊಂಡ ಹೆಸರು ಘಟಶ್ರಾದ್ಧ. ಗಿರೀಶ್ ಕಾಸರವಳ್ಳಿಯವರ ಮೊದಲ ಸಿನಿಮಾ, 1977ರದ್ದು. ಅನಂತಮೂರ್ತಿಯವರ ಕಥೆ, ಬಿ.ವಿ. ಕಾರಂತರ ಸಂಗೀತ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದು ಮುಗಿಸಿ ಎರಡೇ ವರ್ಷ ಆಗಿತ್ತು ಅವರಿಗೆ. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು. ನಾವು ಅದನ್ನು ನೋಡಿದ್ದು ದೂರದರ್ಶನದಲ್ಲಿ. 80ರ ದಶಕದಲ್ಲಿ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಸಿನಿಮಾ ಹಾಕುತ್ತಿದ್ದರು, ನೆನಪಿದೆಯಾ? ನಮ್ಮ ಚಾಳಿನಲ್ಲಿ ಟಿವಿ ಇದ್ದದ್ದು ಪಕ್ಕದ ಮರಾಠಿ ಹೆಂಗಸಿನ ಮನೆಯಲ್ಲಿ, ಅವರನ್ನು ನಾವು ಕಾಕು ಅನ್ನುತ್ತಿದ್ದೆವು. ಅಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡೇ ಹೋಗಿ ಕೂತಿದ್ದಳು. ಕಾಕುಗೆ ಕನ್ನಡ ಬಾರದು, ಕೆಳಗೆ ಬರುವ ಇಂಗ್ಲಿಷ್ ಓದಲೂ ಬಾರದು. ಅಮ್ಮ ತನ್ನ ಹರಕು ಮರಾಠಿಯಲ್ಲಿ ಹೇಳುತ್ತಾ ಹೋದಳು. ಇದು ವೇದ ಕಲಿಸುವ ಮನೆ. ಅವಳು ಯಮುನಾ, ಮನೆಯ ಮಗಳು, ಗಂಡ ಸತ್ತಿದ್ದಾನೆ. ಈ ಸಣ್ಣ ಹುಡುಗ ನಾಣಿಗೆ ಅವಳೆಂದರೆ ಪ್ರಾಣ. ಈಗ ಅವಳು ಬಸುರಿ.

ಬದುಕಿರುವ ಮಗಳಿಗೆ ಅಪ್ಪ ಶ್ರಾದ್ಧ ಮಾಡುವ ಹೊತ್ತಿಗೆ ಅಮ್ಮನ ಮಾತು ನಿಂತಿತು. ಮೊರದಲ್ಲಿ ಕೈ ನಿಂತಿತು. ಕಾಕು ಏನೂ ಕೇಳಲಿಲ್ಲ. ಕೊನೆಯಲ್ಲಿ ಯಮುನಾ ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕೂತಿರುತ್ತಾಳೆ. ನಾಣಿ ದೂರದಿಂದ ನೋಡುತ್ತಾನೆ. ಕಾಕು ಅಮ್ಮನ ಮೊರ ತನ್ನ ಕಡೆ ಎಳೆದುಕೊಂಡು ತಾನೇ ಕಲ್ಲು ಆರಿಸತೊಡಗಿದರು. ನನಗಾಗ ಹನ್ನೆರಡು ವರ್ಷ. ಅರ್ಧ ಅರ್ಥವಾಗಿತ್ತು, ಅರ್ಧ ಇಲ್ಲ. ಆಮೇಲೆ ಎಷ್ಟು ಸಿನಿಮಾ ನೋಡಿದರೂ ಆ ಜಾಗಕ್ಕೆ ಇನ್ನೊಂದು ಬಂದಿಲ್ಲ.

ಎರಡನೆಯದು ಭೂತಯ್ಯನ ಮಗ ಅಯ್ಯು, 1974. ಸಿದ್ದಲಿಂಗಯ್ಯನವರ ನಿರ್ದೇಶನ, ಗೊರೂರರ ಕಥೆ. ಲೋಕನಾಥ್ ಉಪ್ಪಿನಕಾಯಿ ತಿನ್ನುವುದನ್ನು ನೋಡಿದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ. ಅಪ್ಪನ ಪಾಪವನ್ನು ಮಗ ಹೊರಬೇಕಾ ಎಂಬ ಪ್ರಶ್ನೆಯನ್ನು ಇಷ್ಟು ಸರಳವಾಗಿ ಕೇಳಿದ ಸಿನಿಮಾ ನನಗೆ ಬೇರೆ ಸಿಕ್ಕಿಲ್ಲ.

ಮೂರನೆಯದು ಶಂಕರ್ ನಾಗ್ ಅವರ ಆಕ್ಸಿಡೆಂಟ್, 1985. ಹಾಡೇ ಇಲ್ಲ. ರಾಜಕಾರಣಿಯ ಮಗ ನಶೆಯಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಕಾರು ಹತ್ತಿಸುತ್ತಾನೆ, ಅಪ್ಪ ಅದನ್ನು ಮುಚ್ಚಿಹಾಕಲು ಹೊರಡುತ್ತಾನೆ. ಮುಂಬೈಯಲ್ಲಿ ಬೆಳೆದವರಿಗೆ ಇದು ಬರೀ ಕಥೆ ಅಲ್ಲ. ಕೊನೆಯ ಲೋಕಲ್ ಇಳಿದು ನಡೆಯುವಾಗ ಮಲಗಿದವರ ಕಾಲು ತುಳಿಯದ ಹಾಗೆ ದಾಟಿದವರು ನಾವು. ಶಂಕರ್ ನಾಗ್ ನಾಟಕ ಕಲಿತದ್ದೂ ಇದೇ ಊರಿನಲ್ಲಿ, ಮರಾಠಿ ರಂಗಭೂಮಿಯಲ್ಲಿ. 1990ರಲ್ಲಿ, ಬರೀ 35 ವರ್ಷಕ್ಕೆ, ರಸ್ತೆ ಅಪಘಾತದಲ್ಲೇ ಹೋದರು. ಅಪ್ಪ ಆ ದಿನ ಹೋಟೆಲಿನಿಂದ ಬಂದು ಊಟ ಮಾಡಲಿಲ್ಲ.

ನಾಲ್ಕನೆಯದು ತಿಥಿ. ಐದನೆಯದು ಗೌರಿ ಗಣೇಶ. ಅನಂತ್ ನಾಗ್ ಅವರನ್ನು ನೋಡಿ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಇಷ್ಟ ಅನ್ನುವುದು ಅವರವರದು, ಭಾಷೆ ಯಾಕೆ ಮಧ್ಯೆ ತರುತ್ತೀಯಾ ಅಂತ ಗೆಳತಿಯೊಬ್ಬಳು ಕೇಳಿದಳು. ನಿಜ. ಮಾವನಿಗೆ ಗಾಡ್‌ಫಾದರ್ ನಿಜವಾಗಿ ಇಷ್ಟವಾಗಿದ್ದರೆ ನನ್ನದೇನೂ ಮಾತಿಲ್ಲ. ಆದರೆ ಅದನ್ನು ಹೇಳುವಾಗ ಅವರ ಕೈ ಎಲೆಯ ಮೇಲೆ ಒಣಗಿದ್ದನ್ನು ನಾನು ನೋಡಿಲ್ಲ. ಇನ್ನೊಂದು ಮಾತೂ ಬಂತು, ಮುಂಬೈಯಲ್ಲಿ ಕನ್ನಡ ಸಿನಿಮಾ ನಮಗೆ ಎಲ್ಲಿ ಸಿಗುತ್ತಿತ್ತು ಅಂತ. ಸಿಗುತ್ತಿರಲಿಲ್ಲ, ಒಪ್ಪಿದೆ. ಅದಕ್ಕೇ ಅಲ್ವಾ ಸಿಕ್ಕ ಒಂದೊಂದನ್ನೂ ನಾವು ಹತ್ತು ಸಲ ನೋಡಿದ್ದು! ಕ್ಯಾಸೆಟ್ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿತ್ತು. ಅಷ್ಟು ನೋಡಿದ್ದು ಚೀಟಿ ಬರೆಯುವಾಗ ಎಲ್ಲಿ ಹೋಯಿತು?

2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಘಟಶ್ರಾದ್ಧದ ಹೊಸದಾಗಿ ಸರಿಪಡಿಸಿದ ಪ್ರತಿಯನ್ನು ತೋರಿಸಿದರು. ಆ ಕೆಲಸದಲ್ಲಿ ನಮ್ಮ ಮುಂಬೈಯದೇ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇತ್ತು, ಹಾಲಿವುಡ್ ನಿರ್ದೇಶಕ ಸ್ಕೋರ್ಸೆಸಿಯವರ ಸಂಸ್ಥೆ ಇತ್ತು. ಇಟಲಿಯಲ್ಲಿ ಅದನ್ನು ಕೂತು ನೋಡಿದರು. ಡೊಂಬಿವಲಿಯಲ್ಲಿ ಅದರ ಹೆಸರು ಕೇಳಿ ನಾವು ನಕ್ಕೆವು.

ಕೆಳಗೆ ನಿಮ್ಮ ಐದು ಬರೆಯಿರಿ. ಯಾವ ಭಾಷೆಯದ್ದಾದರೂ ಸರಿ, ನಿಜವಾದ ಐದು ಇರಲಿ. ಮಾವ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಮೊದಲು ನೀವೇ ಬರೆಯಿರಿ. ಚಾಮಯ್ಯ ಮೇಷ್ಟ್ರು ಕಾಯುತ್ತಿದ್ದಾರೆ.