ಗೇಮ್‌ನ್ಯಾಗ ಧರಣಿ ಕುಂತ್ರ ಮನವಿ ತಗೊಳ್ಳೋರು ಯಾರ್ರಿ?

ಆನ್‌ಲೈನ್ ಲೋಕದಾಗ, ಅದೇ ಗೇಮ್‌ನಂಥ ಜಾಗದಾಗ ಬೋರ್ಡ್ ಹಿಡ್ಕೊಂಡು ಹೋರಾಟ ಮಾಡ್ತಾರ ಅಂದ್ರ ನಮ್ಮ ಕಡಿ ಮಂದಿ ಮೊದ್ಲು ನಗ್ತಾರ. ನಮ್ಮ ಕಾಕಾ ಅಂತೂ "ಏ ತಮ್ಮಾ, ಮೇ ತಿಂಗಳ ಬಿಸಲಾಗ ಡಿಸಿ ಆಫೀಸ್ ಮುಂದ ಒಂದ್ ತಾಸ್ ಕುಂದ್ರಲಿ, ಆಮ್ಯಾಲ ಹೋರಾಟಗಾರ ಅಂತ ಹೇಳ್ಕೊಳ್ಳಲಿ" ಅಂತಾರ. ಅವರ ಮಾತಿಗಿ ತೂಕ ಅದ, ನಮ್ಮ ಭಾಗಕ್ಕ ವಿಶೇಷ ಸ್ಥಾನಮಾನ ಕೊಡೋ 371(ಜೆ) ಸಲುವಾಗಿ ಬಂದ್ ಮಾಡಿ, ರಸ್ತಾ ರೋಕೋ ಮಾಡಿ, ಕಡೀಕ 2012ರಾಗ ಸಂವಿಧಾನ ತಿದ್ದುಪಡಿ ಆಗೋತನ ನೋಡಿದ ಮನಷ್ಯಾ. ಕಲಬುರಗಿ ಮೇ ಬಿಸಲು ಅಂದ್ರ ಏನು ಅಂತ ನಾ ಹೇಳ್ಬೇಕಾಗಿಲ್ಲ. ಆದ್ರೂ ನಾ ಈ ವಿಷಯದಾಗ ಕಾಕಾನ ಮಾತು ಒಪ್ಪಂಗಿಲ್ಲ. ಬಿಸಲಾಗ ಕುಂದ್ರೋದು ನೆಳ್ಳಾಗ ಕುಂದ್ರೋದು ಅಲ್ರಿ ಪ್ರಶ್ನೆ, ಕುಂತ ಜಾಗ ಯಾರದು ಅನ್ನೋದು ಪ್ರಶ್ನೆ.

2003ರಾಗ ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಅನ್ನೋ ಕಂಪನಿ ಸೆಕೆಂಡ್ ಲೈಫ್ ಶುರು ಮಾಡ್ತು. ಅದಕ್ಕ ಗೇಮ್ ಅನ್ನೋದಕಿಂತ ಒಂದ್ ಊರು ಅನ್ರಿ, ಗೆಲ್ಲೋದು ಸೋಲೋದು ಏನಿಲ್ಲ, ನಿಮ್ದೊಂದ್ ಅವತಾರ್ ಇರ್ತದ, ಅಂದ್ರ ನಿಮ್ಮ ಬದ್ಲಿ ಅಲ್ಲಿ ಓಡಾಡೋ ಗೊಂಬಿ, ಮನಿ ಕಟ್ಟತೀರಿ, ಅಂಗಡಿ ಇಡ್ತೀರಿ, ಅಲ್ಲಿಂದೇ ಒಂದ್ ರೊಕ್ಕ ಅದ, ಲಿಂಡೆನ್ ಡಾಲರ್ ಅಂತ. ಮೊದಲ್ನೇ ವರ್ಷ ಕಂಪನಿ ಏನ್ ಮಾಡಿತ್ತಂದ್ರ, ಯಾರು ಏನು ಕಟ್ಟಿದ್ರೂ ಅದ್ರ ಮ್ಯಾಲ ಟ್ಯಾಕ್ಸ್. ಜಾಸ್ತಿ ಕಟ್ಟಿದೋರಿಗಿ ಜಾಸ್ತಿ, ಅಂದ್ರ ಊರಿಗಿ ಕಳೆ ತಂದೋರಿಗೇ ದಂಡ! ಅಮೆರಿಕಾನಾ ಅಂತ ಒಂದ್ ತಂಡ ಇತ್ತು, ಅಮೆರಿಕದ ಹೆಸರಾದ ಕಟ್ಟಡಗಳ ನಕಲು ಕಟ್ಟತಿದ್ರು, ಅವರು 1773ರಾಗ ಟ್ಯಾಕ್ಸ್ ವಿರುದ್ಧ ಚಹಾದ ಪೆಟಗಿ ಸಮುದ್ರಕ್ಕ ಒಗದ ಬಾಸ್ಟನ್ ಚಹಾ ಗಲಾಟೆನೇ ಮತ್ತೊಮ್ಮಿ ಆಡಿ ತೋರಿಸ್ದಂಗ ಎಲ್ಲಿ ನೋಡಿದ್ರೂ ಚಹಾದ ಪೆಟಗಿ ಗುಡ್ಡಿ ಹಾಕಿದ್ರು, ಟ್ಯಾಕ್ಸ್ ವಿರುದ್ಧ ಬೋರ್ಡ್ ನಿಲ್ಲಿಸಿದ್ರು. ಆ ವರ್ಷ ಮುಗಿಯೋದ್ರಾಗ ಆ ಟ್ಯಾಕ್ಸ್ ಹೋಯ್ತು, ಅದ್ರ ಬದ್ಲಿ ಜಾಗದ ಲೆಕ್ಕದಾಗ ರೊಕ್ಕ ತಗೊಳ್ಳೋ ಪದ್ಧತಿ ಬಂತು, ಮತ್ತ ನೀವು ತಯಾರು ಮಾಡಿದ್ದರ ಹಕ್ಕು ನಿಮ್ದೇ ಅಂತ ಕಂಪನಿ ಒಪ್ಕೊಂಡ್ತು. ಗೆದ್ರು. ಯಾಕ ಗೆದ್ರು? ನನಗ ಅನಸೋದು, ಆವಾಗ ಆ ಊರಾಗ ಇದ್ದಿದ್ದೇ ಸ್ವಲ್ಪ ಮಂದಿ, ಕಟ್ಟೋರು ಸಿಟ್ಟಾಗಿ ಹೊಂಟ್ರ ಕಂಪನಿ ಕಡಿ ಖಾಲಿ ಬೈಲು ಬಿಟ್ರ ಮತ್ತೇನೂ ಉಳೀತಿರಲಿಲ್ಲ.

ಆದ್ರ 2005ರ ಜನವರ್ಯಾಗ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಗೇಮ್‌ನ್ಯಾಗ ಆಗಿದ್ದು ಬ್ಯಾರೇನೇ ಕಥಿ. ವಾರಿಯರ್ ಅನ್ನೋ ಪಾತ್ರ ಆಡೋರಿಗಿ ತಮಗ ಅನ್ಯಾಯ ಆಗ್ಲಕತ್ಯಾದ ಅಂತ ಸಿಟ್ಟು, ಆರ್ಜೆಂಟ್ ಡಾನ್ ಅನ್ನೋ ಸರ್ವರ್‌ನ್ಯಾಗ ಐರನ್‌ಫೋರ್ಜ್ ಅಂತ ಒಂದ್ ಪಟ್ಟಣ ಅದ, ಅಲ್ಲಿ ಬಂದು ಜಮಾ ಆದ್ರು, ಸಣ್ಣ ಸಣ್ಣ ಗ್ನೋಮ್ ಪಾತ್ರಗಳು, ಮೈಮ್ಯಾಲ ಬಟ್ಟಿ ಇಲ್ಲದೇ! ಮಂದಿ ಎಷ್ಟ್ ಸೇರಿದ್ರಂದ್ರ ಸರ್ವರ್ ತಡವರಿಸ್ಲಕತ್ತು. ಅಲ್ಲಿ ರಸ್ತಾ ರೋಕೋ ಅಂದ್ರ ಅದೇ ನೋಡ್ರಿ, ಟೈರ್ ಸುಡಂಗಿಲ್ಲ, ಕಲ್ಲು ಹೊಡಿಯಂಗಿಲ್ಲ, ಬರೇ ಒಂದೇ ಕಡಿ ಎಲ್ಲಾರೂ ನಿಂತ್ರ ಸಾಕು. ಆ ಗೇಮ್‌ನ ಮಾಲಕ ಬ್ಲಿಝರ್ಡ್ ಕಂಪನಿ ಏನ್ ಮಾಡ್ತು? ಚದುರ್ರಿ, ಇಲ್ಲಾಂದ್ರ ಅಕೌಂಟ್ ಬಂದ್ ಅಂತು, ಮತ್ತ ಬಂದ್ ಮಾಡೂ ಮಾಡ್ತು. ತಿಂಗಳಾ ತಿಂಗಳಾ ರೊಕ್ಕ ಕೊಟ್ಟು ಆಡೋ ಮಂದಿ ಇವ್ರು. ಇಲ್ಲಿ ಪೊಲೀಸರು ಎತ್ತಿ ವ್ಯಾನ್‌ನ್ಯಾಗ ಹಾಕಿದ್ರೂ ಸಂಜಿಗಿ ಬಿಡ್ತಾರ, ಮನಿಗಿ ಬಂದು ರೊಟ್ಟಿ ಉಣ್ತೀರಿ. ಅಲ್ಲಿ ಅಕೌಂಟ್ ಹೋಯ್ತಂದ್ರ ಆ ಲೋಕದಾಗ ನೀವೇ ಇಲ್ಲ.

ಐಸ್‌ಲ್ಯಾಂಡ್‌ನ ಸಿಸಿಪಿ ಕಂಪನಿಯ ಈವ್ ಆನ್‌ಲೈನ್ ಅನ್ನೋ ಅಂತರಿಕ್ಷದ ಗೇಮ್ ಕಥಿ ನನಗ ಭಾಳ ಇಷ್ಟ. 2011ರಾಗ ಆಟದಾಗ ಹಾಕ್ಕೊಳ್ಳೋ ಒಂದ್ ಕಣ್ಣಿನ ಚಸ್ಮಾಕ್ಕ ಸುಮಾರು 60 ಡಾಲರ್ ರೇಟ್ ಇಟ್ರು, ಮ್ಯಾಲಿಂದ ಕಂಪನಿ ಒಳಗಿನ ಒಂದ್ ಪತ್ರಿಕೆ ಹೊರಗ ಬಿತ್ತು, ಅದ್ರಾಗ ದುರಾಸೆ ಛಲೋ ಏನು ಅಂತ ಚರ್ಚೆ ಮಾಡ್ಯಾರ. ಉರಿಯೋ ಒಲಿಗಿ ತುಪ್ಪ ಹಾಕ್ದಂಗಾತು. ಆಟಗಾರರು ತಮ್ಮ ತಮ್ಮ ಹಡಗು ತಗೊಂಡು ಜೀಟಾ ಅನ್ನೋ ದೊಡ್ಡ ಬಜಾರ್ ಊರಿಗಿ ಬಂದು ಅಲ್ಲಿದ್ದ ಸ್ಮಾರಕದ ಮ್ಯಾಲ ಗುಂಡು ಹೊಡೀಲಕತ್ತಿದ್ರು, ಅದು ಒಡಿಯಂಗಿಲ್ಲ ಅಂತ ಎಲ್ಲಾರಿಗೂ ಗೊತ್ತು, ಆದ್ರೂ ಹೊಡದ್ರು. ಜೋಡಿಗೇ ಚಂದಾನೂ ಬಂದ್ ಮಾಡಿದ್ರು, ಅಸಲಿ ಪೆಟ್ಟು ಬಿದ್ದಿದ್ದು ಅದ್ರಿಂದ. ಇಲ್ಲಿ ಒಂದ್ ವಿಶೇಷ ಏನಂದ್ರ 2008ರಿಂದಾನೇ ಆಟಗಾರರು ಓಟು ಹಾಕಿ ಆರಿಸೋ ಒಂದ್ ಮಂಡಳಿ ಇತ್ತು. ಕಂಪನಿ ಆ ಮಂಡಳಿ ಸದಸ್ಯರಿಗಿ ರೇಕ್ಯಾವಿಕ್‌ಗಿ ಕರಿಸಿ ತುರ್ತು ಮೀಟಿಂಗ್ ಮಾಡ್ತು, ಅಕ್ಟೋಬರ್‌ನ್ಯಾಗ ಕಂಪನಿ ಮುಖ್ಯಸ್ಥ ಕ್ಷಮಾ ಕೇಳಿದ. ಮಂಡಳಿಗಿ ಅಧಿಕಾರ ಏನಿಲ್ಲ, ಸಲಹಾ ಅಷ್ಟೇ, ಆದ್ರೂ ಮನವಿ ತಗೊಂಡು ಹೋಗ್ಲಿಕ್ಕಿ ಒಂದ್ ಬಾಗಿಲು ಇತ್ತಲ್ಲ, ಅದು ದೊಡ್ಡದು.

ಈಗ ಇನ್ನೊಂದ್ ನಮೂನಿ ಹೋರಾಟ ನೋಡ್ರಿ. ಆ ಲೋಕದ ಮಾಲಕನ ವಿರುದ್ಧ ಅಲ್ಲ, ಹೊರಗಿನವರ ವಿರುದ್ಧ, ಆದ್ರ ಅವನ ಜಾಗದಾಗ. 2007ರ ಜನವರಿ ಹೊತ್ತಿಗಿ ಫ್ರಾನ್ಸ್‌ನ ಕಟ್ಟಾ ಬಲಪಂಥದ ಲ ಪೆನ್ ಪಾರ್ಟಿ ಸೆಕೆಂಡ್ ಲೈಫ್‌ನ್ಯಾಗ ಆಫೀಸ್ ತೆಗೆದಿತ್ತು, ವಿರೋಧಿಗಳು ಬಾಜೂಕೇ ಜಾಗ ಹಿಡದು ಕುಂತ್ರು, ಜಗಳ ಹತ್ತಿ ಸಿಡಿಯೋ ಹಂದಿ ತನಕಾ ಹೋಯ್ತು, ಹೌದ್ರಿ, ಸಿಡಿಯೋ ಹಂದಿ. ಅದು ತಮಾಷಿ ಅನ್ನಸ್ತದ. ಅದೇ ವರ್ಷ ಸೆಪ್ಟೆಂಬರ್ 27ಕ್ಕ ಇಟಲಿ ಐಬಿಎಂ ನೌಕರರು ಮಾಡಿದ್ದು ಮಾತ್ರ ತಮಾಷಿ ಅಲ್ಲ. ವರ್ಷಕ್ಕ ಸಾವಿರ ಯೂರೋದ ಬೋನಸ್ ಕಟ್ ಮಾಡಿದ್ದಕ್ಕ ಯೂನಿಯನ್‌ನವರು ಸೆಕೆಂಡ್ ಲೈಫ್‌ನ್ಯಾಗ ಐಬಿಎಂ ಇಟ್ಟಿದ್ದ ಆಫೀಸ್‌ಗಳ ಮುಂದ ಮುಷ್ಕರ ಕರದ್ರು, 30 ದೇಶದಿಂದ ಸುಮಾರು 1,850 ಅವತಾರ್ ಬಂದ್ವು ಅಂತ ಯೂನಿಯನ್ ಲೆಕ್ಕ. ಅಲ್ಲಿ ಒಂದ್ ತುಂಡು ಜಾಗದಾಗ ನೂರರ ಆಸುಪಾಸು ಅವತಾರ್ ಅಷ್ಟೇ ಹಿಡೀತಾವ, ಅಷ್ಟು ಮಂದಿಗಿ ಹಂಚಿ ನಿಲ್ಲಿಸೋದು, ಅವತಾರ್ ಹೆಂಗ ಮಾಡ್ಕೊಳ್ಳೋದು ಬೋರ್ಡ್ ಹೆಂಗ ಹಿಡಿಯೋದು ಅಂತ ಮೊದ್ಲೇ ಕಲಿಸೋದು, ಎಲ್ಲಾ ತಯಾರಿ ಮಾಡಿದ್ರು. ಮುಂದಿನ ವಾರಗಳಾಗ ಇಟಲಿ ಐಬಿಎಂ ಮುಖ್ಯಸ್ಥ ಹೊರಗ ಹೋದ್ರು, ಬೋನಸ್ ವಾಪಸ್ ಬಂತು. ಬರೇ ಅವತಾರ್‌ಗಳಿಂದ ಆಯ್ತು ಅಂತ ನಾ ಅನ್ನಂಗಿಲ್ಲ, ಹಿಂದ ಅಸಲಿ ಯೂನಿಯನ್ ಇತ್ತು, ಅಸಲಿ ಮಾತುಕತಿ ಇತ್ತು. ಹಾಂಗ್‌ಕಾಂಗ್‌ನ ಹುಡುಗ್ರು 2020ರಾಗ ಕೊರೋನಾ ಸಲುವಾಗಿ ಬೀದಿಗಿ ಇಳಿಲಾರದೇ ಅನಿಮಲ್ ಕ್ರಾಸಿಂಗ್ ಅನ್ನೋ ಮಕ್ಕಳಾಟದಾಗ ಘೋಷಣೆ ಬರದ್ರು, ಚೀನಾದ ಆನ್‌ಲೈನ್ ಅಂಗಡಿಗಳಿಂದ ಆ ಆಟನೇ ಮಾಯ ಆತು. ಆಟ ಅಂತ ಯಾರಿಗರೆ ಅನಿಸಿದ್ರ ಅಷ್ಟು ಹೆದರ್ತಿದ್ರೇನ್ರಿ?

ಮಾಲಕನ ವಿರುದ್ಧ ನಿಂತಾಗ ಮಾತ್ರ ಕಥಿ ಬದಲಾಗ್ತದ. 2008ರಾಗ ಲಿಂಡೆನ್ ಲ್ಯಾಬ್ ಓಪನ್‌ಸ್ಪೇಸ್ ಅನ್ನೋ ಅಗ್ಗದ ಜಾಗಗಳ ತಿಂಗಳ ಬಾಡಿಗಿ 75 ಡಾಲರ್‌ದಿಂದ 125ಕ್ಕ ಏರಸ್ತೀವಿ ಅಂತು. ನಿವಾಸಿಗಳು ಬೋರ್ಡ್ ಹಿಡದ್ರು, ಮೆರವಣಿಗೆ ಮಾಡಿದ್ರು, ಕಂಪನಿ ಒಂದೇ ಏಟಿಗಿ ಏರಸೋದು ಬಿಟ್ಟು ಹಂತ ಹಂತವಾಗಿ ಏರಿಸ್ತು, ಅಷ್ಟೇ ದಯಾ. ಅಮೆರಿಕದ ಪೆನ್ಸಿಲ್ವೇನಿಯಾದ ಒಬ್ಬ ವಕೀಲನ ಸೆಕೆಂಡ್ ಲೈಫ್ ಒಳಗಿನ ಜಾಗ ಕಂಪನಿ ಕಸ್ಕೊಂಡಿತ್ತು, ತಪ್ಪು ದಾರಿಲಿಂದ ಖರೀದಿ ಮಾಡ್ಯಾನ ಅಂತ. ಅವಾ ಧರಣಿ ಕೂಡಲಿಲ್ಲ, ಸೀದಾ ಕೋರ್ಟಿಗಿ ಹೋದ. 2007ರಾಗ ಜಡ್ಜ್ ಏನಂದ್ರು, ಜಗಳ ಆದ್ರ ಕೋರ್ಟಿಗಿ ಬರ್ದೇ ಮಧ್ಯಸ್ಥಿಕೆಗೇ ಹೋಗ್ಬೇಕು ಅಂತ ಕಂಪನಿ ಬರಕೊಂಡ ಷರತ್ತು ಏಕಪಕ್ಷೀಯ ಅದ, ನಡಿಯಂಗಿಲ್ಲ ಅಂದ್ರು, ಆಮ್ಯಾಲ ಇಬ್ರೂ ರಾಜಿ ಆದ್ರು. ಸಾವಿರ ಬೋರ್ಡ್‌ಗಿಂತ ಆ ಒಂದ್ ಆದೇಶಕ್ಕ ಕಂಪನಿ ಜಾಸ್ತಿ ಹೆದರಿರ್ತದ ಅಂತ ನನಗ ಅನಸ್ತದ.

ಅದಕ್ಕೇ ನಾ ಕಾಕಾಗ ಹೇಳೋದು. ಡಿಸಿ ಆಫೀಸ್ ಮುಂದ ಕುಂತ್ರ ಜಾಗ ಸರಕಾರದ್ದು, ಅಂದ್ರ ನಮ್ದು, ಸಂವಿಧಾನದ 19ನೇ ವಿಧಿ ಶಾಂತಿಲಿಂದ ಸೇರ್ಲಿಕ್ಕಿ ಹಕ್ಕು ಕೊಟ್ಟದ, ತಹಸೀಲ್ದಾರರರೆ ಬಂದು ಮನವಿ ಪತ್ರ ತಗೋತಾರ. ಅದು ಮುಂದ ಯಾವ ಫೈಲ್‌ನ್ಯಾಗ ಕುಂದರ್ತದೋ ಬಿಡ್ರಿ, ಕಲಬುರಗಿಗಿ ರೈಲ್ವೆ ವಿಭಾಗ ಬೇಕು ಅನ್ನೋ ನಮ್ಮ ಮನವಿಗಳು ಎಲ್ಲೆಲ್ಲಿ ಅವನೋ ದೇವರಿಗೇ ಗೊತ್ತು. ಆದ್ರ ಆ ಹಕ್ಕು ಸರಕಾರದ ಎದುರು ನಡೀತದ, ಖಾಸಗಿ ಕಂಪನಿ ಸರ್ವರ್‌ನ್ಯಾಗ ನಡಿಯಂಗಿಲ್ಲ. ಅಲ್ಲಿ ನೀವು ಟಿಕ್ ಮಾರ್ಕ್ ಹಾಕಿ ಒಪ್ಪಿದ ಷರತ್ತೇ ಕಾನೂನು, ಬರದವರೂ ಅವರೇ, ಬದಲಿ ಮಾಡೋರೂ ಅವರೇ. ಇದು ಬರೇ ಗೇಮ್ ಆಡೋರ ತ್ರಾಸ್ ಅಲ್ಲ, ನಾ ಇದು ಬರೀಲಕತ್ತಿರೋ ಸೋಶಿಯಲ್ ಮೀಡಿಯಾ ಗೋಡಿನೂ ಯಾರದೋ ಕಂಪನಿದೇ.

ಹಂಗಾಗಿ ಗೇಮ್‌ನ್ಯಾಗ ಹೋರಾಟ ಮಾಡೋ ಹುಡುಗ್ರಿಗಿ ನಾ ನಗಂಗಿಲ್ಲ, ಆದ್ರ ಬೋರ್ಡ್ ಹಿಡದು ಸ್ಕ್ರೀನ್‌ಶಾಟ್ ಹಾಕಿ ಸುಮ್ನಾಗ್ಬ್ಯಾಡ್ರಿ ಅಂತೀನಿ. ಈವ್‌ದಾಗ ಇದ್ದಂಥ ಆರಿಸಿ ಬಂದ ಮಂಡಳಿ ಕೇಳ್ರಿ. ನಮ್ಮ ದೇಶದಾಗ 2021ರ ಐಟಿ ನಿಯಮದ ಪ್ರಕಾರ ಇಂಥ ಕಂಪನಿಗಳು ದೂರು ಅಧಿಕಾರಿ ಇಡ್ಬೇಕು, 24 ತಾಸಿನ್ಯಾಗ ದೂರು ಬಂದದ ಅಂತ ಒಪ್ಕೋಬೇಕು, 7 ದಿನದಾಗ ಉತ್ತರ ಕೊಡ್ಬೇಕು (2026ರ ಫೆಬ್ರವರಿ ತನಕಾ 15 ದಿನ ಇತ್ತು). ಒಪ್ಪಿಗಿ ಆಗ್ಲಿಲ್ಲಂದ್ರ 30 ದಿನದಾಗ ಮೇಲ್ಮನವಿ ಸಮಿತಿಗಿ ಹೋಗ್ಬಹುದು, 2023ರಿಂದ ಅದೂ ಶುರು ಆಗ್ಯಾದ, ಆನ್‌ಲೈನೇ ಅರ್ಜಿ ಹಾಕೋದು, ಬೆಂಗಳೂರು ದಿಲ್ಲಿ ಅಂತ ಅಡ್ಡ್ಯಾಡೋದು ಬ್ಯಾಡ. ಸಮಿತಿ ನೇಮಕ ಮಾಡೋದು ಕೇಂದ್ರ ಸರಕಾರನೇ, ಅದ್ರ ಬಗ್ಗೆ ನಂಗೂ ಅನುಮಾನ ಅದ, ಅದು ಬ್ಯಾರೇ ಜಗಳ, ಇನ್ನೊಮ್ಮಿ ಬರೀತೀನಿ. ಬೀದರ, ಯಾದಗಿರಿ ಕಡಿಯವರು ಯಾರರೆ ಅಕೌಂಟ್ ಬಂದ್ ಆದಾಗ ಅಲ್ಲಿಗಿ ಅರ್ಜಿ ಹಾಕೀರೇನ್ರಿ? ಹಾಕಿದ್ರ ಏನ್ ಉತ್ತರ ಬಂತು ಜರಾ ಹೇಳ್ರಿ, ನಮ್ಮ ಕಾಕಾಗೂ ತೋರಸ್ತೀನಿ.